ಲೀಡ್ಸ್ ಡೈರಿ – 23: ಎರಡು ರಾಣಿ

ಮೂರು ನೈಟ್ ಡ್ಯೂಟಿ ಮುಗಿಸಿ, ಮಲಗಿ ಎದ್ದು, ಕಾಫಿ ಪಕ್ಕದಲ್ಲಿಟ್ಕೊಂಡು ಬರೀತಿದೀನಿ. ಹಿಮದ ಕಥೆ ಮುಂದುವರಿಸ್ತೀನಿ ಅಂದಿದ್ದೆ, ಅದು ಆಮೇಲೆ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಆ ಫೋಟೋ ಓಡಾಡಿದ ಮೇಲೆ ದೊಡ್ಡಮ್ಮ ಫೋನ್ ಮಾಡಿ "ನೀನೂ ನಿಮ್ಮಪ್ಪನ ದಾರೀನೇ ಹಿಡಿದ್ಯೇನೇ?" ಅಂದ್ರು. ಅಮ್ಮ ಫೋನೇ ಎತ್ತಲಿಲ್ಲ. ಹಾಗಾಗಿ ಈ ಕಂತು ಇಸ್ಪೀಟಿಗೆ.

ಹೌದು, ಎಲೆ ಹಿಡ್ಕೊಂಡು ಕೂತಿರೋದು ನಾನೇ. ತಿಂಗಳಿಗೆ ಒಂದು ಸಲ ವಾರ್ಡಿನ ಆರು ಜನ ಒಬ್ಬರ ಮನೇಲಿ ಸೇರಿ ಪೋಕರ್ ಆಡ್ತೀವಿ. ಒಬ್ಬೊಬ್ಬರು 20 ಪೌಂಡ್ ಹಾಕ್ತೀವಿ, ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಚಿಲ್ಲರೆ. ಆಟ ಆಡಿಸೋಕೆ ಮನೆಯವರು ದುಡ್ಡು ವಸೂಲಿ ಮಾಡದಿದ್ರೆ, ಮನೆಯೊಳಗೆ ಹೀಗೆ ಆಡೋದಕ್ಕೆ ಇಲ್ಲಿ ಕಾನೂನಿನ ಅಡ್ಡಿ ಇಲ್ಲ.

ಮೂರೆಲೆ ಗೊತ್ತಿರೋರಿಗೆ ಇದು ಕಷ್ಟ ಅಲ್ಲ. ಕೈಗೆ ಎರಡೇ ಎಲೆ. ಮೇಜಿನ ಮಧ್ಯೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು, ಎಲ್ಲರಿಗೂ ಸೇರಿದ ಎಲೆ. ಒಟ್ಟು ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದಂಗೆ. ಪ್ರತಿ ಹಂತದಲ್ಲೂ ದುಡ್ಡು ಕಟ್ಟಬಹುದು. 'ನೋ ಲಿಮಿಟ್' ಅಂದ್ರೆ ಯಾವಾಗ ಬೇಕಾದ್ರೂ ಎದುರಿಗಿರೋದನ್ನೆಲ್ಲ ಒಂದೇ ಸಲ ನೂಕಬಹುದು. ಆದ್ರೆ ಎದುರಿಗಿರೋದು ಮಾತ್ರ. ಆಟದ ಮಧ್ಯೆ ಜೇಬಿಗೆ ಕೈ ಹಾಕೋ ಹಾಗಿಲ್ಲ, ಸಾಲ ಕೇಳೋ ಹಾಗಿಲ್ಲ. ಈ ನಿಯಮ ಕೇಳಿದ ದಿನಾನೇ ನಾನು ಆಡೋಕೆ ಒಪ್ಪಿದ್ದು.

ಯಾಕೆ ಅಂತ ಊರಿನವರಿಗೆ ಗೊತ್ತು. ಅಪ್ಪನ್ನ ಕೇಳೇ ಬರೀತಿದೀನಿ. ನಾನು ಬಿ.ಎಸ್ಸಿ ನರ್ಸಿಂಗ್ ಎರಡನೇ ವರ್ಷ ಇದ್ದಾಗ, ಯುಗಾದಿ ದಿನ, ಅರಳಿಕಟ್ಟೆ ಹಿಂದೆ ಮೂರೆಲೆ. ಅಪ್ಪನ ಕೈಲಿ ಒಳ್ಳೆಯ ಎಲೆಯೇ ಇತ್ತಂತೆ. ಎದುರಿನವರು ಏರಿಸ್ತಾ ಹೋದ್ರು, ಅಪ್ಪ ಬಿಡಲಿಲ್ಲ. ಸುತ್ತ ಜನ ನಿಂತಿದ್ರು. ಮನೆಗೆ ಬಂದು ಬೀರು ತೆಗೆದು ನನ್ನ ಫೀಸಿನ ದುಡ್ಡು ತಗೊಂಡು ಹೋದ್ರು. ಸಂಜೆಗೆ ಅಮ್ಮನ ಸರ ಗಿರವಿ ಅಂಗಡೀಲಿತ್ತು. ಬೇವು ಬೆಲ್ಲ ತಿಂದ ಬಾಯಲ್ಲಿ ಅವತ್ತು ಯಾರೂ ಊಟ ಮಾಡಲಿಲ್ಲ. ಅಷ್ಟು ಸಾಕು.

ಈಗ ಆ ಫೋಟೋ. ಅವತ್ತಿನ ಮೊದಲನೇ ಆಟ. ನನಗೆ ಬಂದಿದ್ದು ಎರಡು ರಾಣಿ, ಇಸ್ಪೀಟ್ ಒಂದು, ಆಟೀನ್ ಒಂದು. ಅದಕ್ಕಿಂತ ಒಳ್ಳೆಯ ಜೋಡಿ ಅಂದ್ರೆ ಎರಡು ರಾಜ, ಎರಡು ಎಕ್ಕ, ಅಷ್ಟೇ. 60 ಪೆನ್ಸ್ ಕಟ್ಟಿದೆ. ಉಳಿದಿದ್ದು ಒಬ್ಬರೇ, ನಮ್ಮ ಪೋರ್ಟರ್, ಅರವತ್ತು ದಾಟಿದ ಯಾರ್ಕ್‌ಷೈರ್ ಮನುಷ್ಯ. ಮಧ್ಯೆ ಬಿದ್ದಿದ್ದು ಆಟೀನ್ ಗುಲಾಮ, ಕಳಾವರ್ ಎಂಟು, ಡೈಮನ್ ಮೂರು. ಒಂದು ಪೌಂಡ್ ಹಾಕಿದೆ, ಅವರೂ ಹಾಕಿದ್ರು. ನಾಲ್ಕನೇ ಎಲೆ ಇಸ್ಪೀಟ್ ನಾಲ್ಕು. ಎರಡೂವರೆ ಪೌಂಡ್ ಹಾಕಿದೆ.

ಅವರು ಚಹಾದ ಮಗ್ ಕೆಳಗಿಟ್ಟು, ಎದುರಿಗಿದ್ದ 18 ಪೌಂಡ್ 40 ಪೆನ್ಸಿನ ಬಿಲ್ಲೆ ಪೂರ್ತಿ ನೂಕಿದ್ರು.

ನಾನು ಆಟದಲ್ಲಿರಬೇಕು ಅಂದ್ರೆ ಉಳಿದಿದ್ದ 15 ಪೌಂಡ್ 90 ಪೆನ್ಸೂ ಹಾಕಬೇಕು. ಹಾಕಿದ್ರೆ ಮಧ್ಯೆ ಒಟ್ಟು 40 ಪೌಂಡ್ 10 ಪೆನ್ಸ್. ಅದರಲ್ಲಿ ಈಗ ಹಾಕೋದು ಹತ್ತಿರ ಹತ್ತಿರ ನೂರಕ್ಕೆ ನಲವತ್ತು. ಅಂದ್ರೆ ಇಂಥ ಜಾಗ ನೂರು ಸಲ ಬಂದ್ರೆ ನಲವತ್ತು ಸಲವಾದ್ರೂ ಗೆಲ್ಲಬೇಕು. ಅವರ ಹತ್ರ ಮೂರು ಗುಲಾಮನೋ ಮೂರು ಎಂಟೋ ಇದ್ರೆ ನನ್ನ ಕಥೆ ಮುಗೀತು. ಕಾಣದ 44 ಎಲೇಲಿ ನನ್ನ ಕಾಪಾಡೋದು ಇನ್ನೆರಡು ರಾಣಿ ಮಾತ್ರ, ನೂರಕ್ಕೆ ಐದೂ ಇಲ್ಲ. ಹತ್ತು-ಒಂಬತ್ತು ಇಟ್ಕೊಂಡು ಸಾಲು ಎಲೆಗೆ ಕಾಯ್ತಾ ಹೆದರಿಸ್ತಿದ್ರೆ ನಾನೇ ಮುಂದೆ. ಅವರಿಗೆ ಬೇಕಾದ ರಾಣಿ ಎರಡು ನನ್ನ ಕೈಲೇ ಇವೆ, ನೂರಕ್ಕೆ ಎಂಬತ್ತಾರು ಸಲ ಗೆಲ್ತೀನಿ. ಗುಣಿಸಿ ನೋಡಿದ್ರೆ, ಅವರು ಹೀಗೆ ನೂಕೋದರಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ ಸಲವಾದ್ರೂ ಅದು ಹೆದರಿಸೋ ಆಟ ಆಗಿರಬೇಕು.

(ಇಷ್ಟು ಲೆಕ್ಕ ಪೈಸೆ ಪೈಸೆ ಅಲ್ಲೇ ಮಾಡ್ದೆ ಅಂತ ಅನ್ಕೋಬೇಡಿ. ಅಲ್ಲಿ 'ನಲವತ್ತು' ಅನ್ನೋದಷ್ಟೇ ತಲೆಗೆ ಬಂದಿದ್ದು. ಉಳಿದಿದ್ದು ಬಸ್ಸಲ್ಲಿ.)

ಆಗ ಕೈಹಿಡಿದಿದ್ದು ಡ್ಯೂಟಿ. ವಾರ್ಡಲ್ಲಿ ನಾವು ನ್ಯೂಸ್ ಸ್ಕೋರ್ ಬರೀತೀವಿ: ಉಸಿರು, ಆಕ್ಸಿಜನ್, ಬಿಪಿ, ನಾಡಿ, ಎಚ್ಚರ, ಜ್ವರ, ಎಲ್ಲಕ್ಕೂ ಅಂಕ. ಒಟ್ಟು 5 ಆದ್ರೆ ಡಾಕ್ಟರನ್ನ ಬೇಗ ಕರೀಬೇಕು, 7 ಆದ್ರೆ ತುರ್ತು. ಆದ್ರೆ ಅಂಕದ ಜೊತೆಗೆ ನೋಡೋದು, ಈ ಮನುಷ್ಯ ದಿನಾ ಹೇಗಿರ್ತಾನೆ ಅನ್ನೋದು. ದಿನಾ ಕಿರುಚೋ ಅಜ್ಜ ಕಿರುಚಿದ್ರೆ ಹೋಗಿ ದಿಂಬು ಸರಿ ಮಾಡ್ತೀವಿ. ಯಾವತ್ತೂ ಬೆಲ್ ಒತ್ತದ ಅಜ್ಜಿ ರಾತ್ರಿ ಮೂರಕ್ಕೆ ಬೆಲ್ ಒತ್ತಿದ್ರೆ ಓಡ್ತೀವಿ.

ಈ ಪೋರ್ಟರ್ ನಾಲ್ಕು ತಿಂಗಳಲ್ಲಿ ಒಂದು ಸಲವೂ ಹೀಗೆ ನೂಕಿದ್ದು ನಾನು ನೋಡಿಲ್ಲ. ತಮ್ಮ ಪಾಡಿಗೆ ಚಹಾ ಕುಡೀತಾ, ಎಲೆ ಬಿಡ್ತಾ ಕೂತಿರ್ತಾರೆ. ಅದೇ ನಮ್ಮ ಕೇರಳದ ಹುಡುಗ ನೂಕಿದ್ದಿದ್ರೆ ಕಣ್ಣು ಮುಚ್ಚಿ ಹಾಕ್ತಿದ್ದೆ, ಅವನು ಪ್ರತಿ ಅರ್ಧ ಗಂಟೆಗೆ ಬೆಲ್ ಒತ್ತೋ ಪೇಷಂಟ್.

ಆದ್ರೂ ಕೈ ಎಲೆ ಬಿಡ್ತಿರಲಿಲ್ಲ. ಆಗಲೇ ಹಾಕಿದ್ದ 4 ಪೌಂಡ್ 10 ಪೆನ್ಸ್ ಕಣ್ಣಿಗೆ ಹೊಡೀತಿತ್ತು. ಅದು ನನ್ನದು ಅನ್ನಿಸ್ತಿತ್ತು. ಐದು ಜನ ನನ್ನ ಮುಖವನ್ನೇ ನೋಡ್ತಿದ್ರು. ಎರಡು ರಾಣಿ ಇಟ್ಕೊಂಡು ಬಿಟ್ಟಳು ಅಂದ್ರೆ ನಗ್ತಾರಾ? ಆವಾಗ ಅರಳಿಕಟ್ಟೆ ನೆನಪಾಯ್ತು. ಅಪ್ಪ ಹೀಗೇ ಕೂತಿದ್ದಿರಬೇಕು. ಇಷ್ಟು ವರ್ಷ ಅವರಿಗೆ ಬುದ್ಧಿ ಇರಲಿಲ್ಲ ಅಂತ ಅಂದ್ಕೊಂಡಿದ್ದೆ. ಬುದ್ಧಿ ಇದ್ದೇ ಇರುತ್ತೆ, ಅದರ ಮಾತು ಕೈಗೆ ಕೇಳಿಸಲ್ಲ. ಫೋಟೋ ತೆಗೆದಿದ್ದು ಸರಿಯಾಗಿ ಆ ಹೊತ್ತಲ್ಲೇ. ದೊಡ್ಡಮ್ಮಾ, ಆ ಮುಖ ನೋಡಿ ನೀವು ಹೆದರಿದ್ದು ತಪ್ಪಲ್ಲ.

ಎಲೆ ಕವುಚಿ ಹಾಕಿದೆ. ಪೋರ್ಟರ್ ತಲೆ ಅಲ್ಲಾಡಿಸಿ, ತಮ್ಮ ಎಲೆ ತೋರಿಸದೆ ಗಡ್ಡಿಗೆ ಸೇರಿಸಿಬಿಟ್ರು. ಎದುರಿನವರು ಬಿಟ್ಟ ಮೇಲೆ ಗೆದ್ದವರು ತೋರಿಸಬೇಕಾಗಿಲ್ಲ. ಸೋಮವಾರ ಲಿಫ್ಟಲ್ಲಿ ಸಿಕ್ಕಾಗ ಕೇಳಿದೆ. ನಕ್ಕು, ಟ್ರಾಲಿ ತಳ್ಕೊಂಡು ಹೋದ್ರು.

ನಿನ್ನೆ ರಾತ್ರಿ ಅಪ್ಪ ವಿಡಿಯೋ ಕಾಲ್ ಮಾಡಿದ್ರು. ಗಂಟಲು ತಗ್ಗಿಸಿ ಮೊದಲು ಕೇಳಿದ್ದೇ, "ಏನ್ ಎಲೆ ಇತ್ತವ್ವಾ ನಿನ್ ಕೈಲಿ?"

"ಎರಡು ರಾಣಿ ಅಪ್ಪಾ."

"ಬಿಟ್ಯಾ?"

"ಬಿಟ್ಟೆ."

"ಅವರದು ಏನಿತ್ತು?"

"ತೋರಿಸಲಿಲ್ಲ."

ಸ್ವಲ್ಪ ಹೊತ್ತು ಅಪ್ಪ ಸುಮ್ಮನಿದ್ರು. ಆಮೇಲೆ, "ನಾನಾಗಿದ್ರೆ ಬಿಡ್ತಿರಲಿಲ್ಲ" ಅಂದ್ರು.

ಹಿಂದಿನಿಂದ ಅಮ್ಮನ ಕೈ ಬಂದು ಫೋನ್ ಕಿತ್ಕೊಳ್ತು. ಒಂಬತ್ತು ದಿನ ಆದ್ಮೇಲೆ ಅವಳ ಮುಖ ನೋಡಿದ್ದು. "ಊಟ ಆಯ್ತಾ?" ಅಂದಳು. ಇಲ್ಲ ಅಂದೆ. ಹೋಗಿ ಅನ್ನಕ್ಕೆ ಇಡೋ ತನಕ ಫೋನ್ ಇಡಲಿಲ್ಲ.