ಕಾಗಿಣಾ ತೀರದಲ್ಲಿ ಚೈತ್ರದ ಎರಡು ದಿನ

ವಸಂತವೆಂದೊಡನೆ ಸಂಸ್ಕೃತ ಕಾವ್ಯಗಳನ್ನೋದಿದವರ ಮನಸ್ಸಿಗೆ ಮಲಯಮಾರುತ, ಚೂತಾಂಕುರ, ಕೋಕಿಲಾಲಾಪ ಇವೇ ಮೊದಲಾದುವು ತೋರುವುದು ಸಹಜ. ಆದರೆ ಋತುಗಳಿಗೆ ರಾಜನಾದ ಈ ವಸಂತನು ಎಲ್ಲ ಸೀಮೆಗಳಿಗೂ ಒಂದೇ ವೇಷದಿಂದ ಬರುವವನಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ನಮ್ಮ ಐದು ಊರುಗಳ ಸೀಮೆಗೆ ಅವನು ಪ್ರಾತಃಕಾಲದ ಅತಿಥಿ. ಸೂರ್ಯೋದಯಕ್ಕೆ ಬಂದವನು ಹತ್ತು ಗಂಟೆಯಾಗುವುದರೊಳಗೆ ಗ್ರೀಷ್ಮನಿಗೆ ಪೀಠವನ್ನು ಬಿಟ್ಟುಕೊಟ್ಟು ಹೊರಟುಹೋಗುವನು. ಸಂಜೆ ಬೇವಿನ ಹೂವಿನ ಕಂಪಿನೊಡನೆ ಮತ್ತೊಮ್ಮೆ ಬಂದು ಒಂದು ಗಳಿಗೆ ಕುಳಿತು ಹೋಗುವನು. ಆದುದರಿಂದ ಇಲ್ಲಿಯ ಗೃಹಸ್ಥನು ವಸಂತವನ್ನು ತಾನು ಅನುಭವಿಸಬೇಕಾದರೆ ಬೇಗನೆ ಏಳಬೇಕು. ಮಕ್ಕಳಿಗೆ ತೋರಿಸಬೇಕಾದರೆ ಇನ್ನೂ ಬೇಗನೆ ಏಳಬೇಕು.

ಈ ಸೀಮೆಯ ಮೇಲ್ಮೈ ಕಪ್ಪಾದ ಎರೆಭೂಮಿ. ಅದರ ಕೆಳಗೆ ಪದರು ಪದರಾಗಿ ಸುಣ್ಣದ ಕಲ್ಲು. ಕಾಗಿಣಾ ನದಿಯು ತೆಲಂಗಾಣದ ತಾಂಡೂರಿನ ಕಡೆಯಿಂದ ಇಳಿದು ಬಂದು, ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಪಕ್ಕದಲ್ಲಿ ಹರಿದು, ಶಹಾಬಾದಕ್ಕೆ ಸಮೀಪವಾದ ಹೊನಗುಂಟದಲ್ಲಿ ಭೀಮೆಯನ್ನು ಕೂಡುವುದು. ತೊಗರಿಯು ಇಲ್ಲಿಯ ಮುಖ್ಯ ಬೆಳೆ. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿರುವುದು. ಚೈತ್ರವು ಬರುವ ಹೊತ್ತಿಗೆ ತೊಗರಿಯು ಕಣದಿಂದ ಮನೆಯನ್ನು ಸೇರಿ, ಹಿಂಗಾರಿಯ ಜೋಳವೂ ರಾಶಿಯಾಗಿ, ಹೊಲಗಳು ಬರಿದಾಗಿ ಬಿರುಕು ಬಿಟ್ಟಿರುವುವು. ಆ ಬರಿಹೊಲಗಳ ಅಂಚಿನಲ್ಲಿ ಎಲೆಯೊಂದೂ ಇಲ್ಲದ ಮುತ್ತುಗದ ಮರವು ಮೈತುಂಬ ಕೆಂಡವನ್ನು ಹೊತ್ತಂತೆ ಹೂತು ನಿಲ್ಲುವುದು. ನಮ್ಮ ವಸಂತದ ವೇಷವೆಂದರೆ ಇದು.

ನಾನು ಮೂವತ್ತು ವರುಷಗಳಿಗೆ ಮೇಲ್ಪಟ್ಟು ಬಾಲಕರಿಗೆ ಪಾಠ ಹೇಳಿ ಈಗ ಸೇಡಮಿನಲ್ಲಿ ವಿಶ್ರಾಂತನಾಗಿರುವೆನು. ಮಗನು ಸಿಮೆಂಟಿನ ಕಾರ್ಖಾನೆಯೊಂದರಲ್ಲಿ ಉದ್ಯೋಗಿ. ಏಳು ವರುಷದ ಮೊಮ್ಮಗಳು, ನಾಲ್ಕು ವರುಷದ ಮೊಮ್ಮಗ. ಮಗನಿಗೆ ಈ ಜೂನ್ ತಿಂಗಳಿನಿಂದ ಛತ್ತೀಸಗಡಕ್ಕೆ ವರ್ಗವಾಗಿರುವುದರಿಂದ ಮಕ್ಕಳ ಶಾಲೆಯೂ ಅಲ್ಲಿಗೇ ಹೋಗುವುದು. ಹೀಗಾಗಿ ಈ ವಸಂತದಲ್ಲಿ ನಮ್ಮ ಪಾಲಿಗೆ ಉಳಿದಿರುವ ಭಾನುವಾರಗಳನ್ನು ಕೈಬೆರಳುಗಳಿಂದಲೇ ಎಣಿಸಬಹುದು. ಯುಗಾದಿಗೆ ನೆಂಟರ ಮನೆಯಿಂದ ಬಂದಿದ್ದ ದೊಡ್ಡ ಪಟ್ಟಣದ ಹುಡುಗನೊಬ್ಬನು ಏನೋ ಹೇಳಿ ಹೋಗಿದ್ದನೆಂದು ಕಾಣುತ್ತದೆ. ಹಬ್ಬ ಕಳೆದ ಮೇಲೆ ಮೊಮ್ಮಗಳು ನನ್ನೆದುರು ಬಂದು ನಿಂತು, “ಮುತ್ಯಾ, ನಮ್ಮೂರಾಗ ಬರೀ ಕಲ್ಲೇ ಅದಾವಂತ, ಖರೇ ಏನು?” ಎಂದು ಕೇಳಿದಳು.

ಕೂಸಿನ ಪ್ರಶ್ನೆಗೆ ಮುದುಕನು ಒಂದು ಮಾತಿನಲ್ಲಿ ಉತ್ತರ ಹೇಳಿ ಕೈತೊಳೆದುಕೊಳ್ಳಬಾರದು. ಹಬ್ಬದ ಮುಂದಿನ ಶನಿವಾರ ಭಾನುವಾರಗಳೆರಡನ್ನೂ ಈ ಉತ್ತರಕ್ಕಾಗಿಯೇ ಮೀಸಲಿಟ್ಟೆವು.

ಶನಿವಾರ ಮುಂಜಾನೆಯ ಶಾಲೆ. ಮಕ್ಕಳು ಮನೆಗೆ ಮರಳುವಾಗ ಬಿಸಿಲು ಏರಿತ್ತು. ನಮ್ಮ ಭಾಗದಲ್ಲಿ ಮೇ ತಿಂಗಳಿನಲ್ಲಿ ಉಷ್ಣತೆಯು ೪೨, ೪೩ ಡಿಗ್ರಿಗಳನ್ನು ಮುಟ್ಟುವುದು ಸಾಮಾನ್ಯ. ಬೇಸಗೆಯಲ್ಲಿ ಸರಕಾರದ ಕಚೇರಿಗಳೇ ಬೆಳಗಿನ ಎಂಟು ಗಂಟೆಗೆ ಬಾಗಿಲು ತೆರೆದು ಮಧ್ಯಾಹ್ನದ ಹೊತ್ತಿಗೆ ಮುಚ್ಚುವುವು. ಇಂತಹ ಬಿಸಿಲಿನಲ್ಲಿ ಮಕ್ಕಳಿಗೆ ಆಶ್ರಯವಾಗುವುದು ಮನೆಯ ನೆಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರುಗಳ ಊಟವಾದ ಮೇಲೆ ನಮ್ಮಾಕೆಯು ಪಡಸಾಲೆಯ ನೆಲಕ್ಕೆ ನೀರು ಚಿಮುಕಿಸಿ ಒರಸಿದಳು. ಮಕ್ಕಳಿಬ್ಬರೂ ಚಾಪೆಯನ್ನು ಒಲ್ಲೆನೆಂದು ಬರಿಯ ಕಲ್ಲಿನ ಮೇಲೆಯೇ ಹೊಟ್ಟೆಯಡಿಯಾಗಿ ಮಲಗಿದರು.

ಆ ನೆಲವು ಶಹಾಬಾದದ ಕಲ್ಲಿನದು. ದಕ್ಷಿಣಾಪಥದಲ್ಲಿ ಈ ಕಲ್ಲನ್ನು ಕಾಣದ ಊರು ವಿರಳ. ಎಷ್ಟೋ ರೈಲು ನಿಲ್ದಾಣ, ಶಾಲೆ, ಛತ್ರ, ಅಡಿಗೆಮನೆಗಳಲ್ಲಿ ಜನರು ಇದರ ಹೆಸರನ್ನು ತಿಳಿದೋ ತಿಳಿಯದೆಯೋ ಇದರ ಮೇಲೆ ಕಾಲಿಟ್ಟು ನಡೆಯುತ್ತಿರುವರು. ನಾನು ಮೊಮ್ಮಗಳಿಗೆ ಕಲ್ಲಿನ ಅಂಚನ್ನು ತೋರಿಸಿದೆನು. ಅದರಲ್ಲಿ ಪುಸ್ತಕದ ಹಾಳೆಗಳಂತೆ ತೆಳುವಾದ ಗೆರೆಗಳುಂಟು. ಕೋಟ್ಯಂತರ ವರುಷಗಳ ಹಿಂದೆ, ಮನುಷ್ಯನಾಗಲಿ ಮರವಾಗಲಿ ಭೂಮಿಯ ಮೇಲೆ ಹುಟ್ಟುವುದಕ್ಕೆ ಎಷ್ಟೋ ಮೊದಲು, ಭೀಮಾ ತೀರದ ಈ ಪ್ರದೇಶವನ್ನು ಸಮುದ್ರದ ನೀರು ಮುಚ್ಚಿಕೊಂಡಿತ್ತು. ಆ ನೀರಿನ ತಳದಲ್ಲಿ ಸುಣ್ಣದ ಅಂಶವು ಪದರು ಪದರಾಗಿ ಕುಳಿತು, ಮೇಲಿನ ಭಾರದಿಂದ ಬಿಗಿದು, ಕಲ್ಲಾಯಿತು. ಪದರಾಗಿ ಕುಳಿತುದರಿಂದಲೇ ಅದು ಪದರಾಗಿ ಸೀಳುವುದು. ಕಲ್ಲುಗಣಿಯ ಕೆಲಸಗಾರನು ಉಳಿಯನ್ನು ಗೆರೆಗೆ ಸರಿಯಾಗಿ ಇಟ್ಟು ಬಡಿದರೆ ಹಲಗೆಯಂತೆ ಎದ್ದು ಬರುವುದು. “ಅಂದರ ನಾ ಈಗ ಸಮುದ್ರದ ಮ್ಯಾಲ ಮಲಗೀನೇನು?” ಎಂದು ಹುಡುಗಿಯು ಕೇಳಿ, ಕಿವಿಯನ್ನು ನೆಲಕ್ಕೆ ಹಚ್ಚಿದಳು. ತಮ್ಮನೂ ಹಚ್ಚಿದನು. ಇಬ್ಬರಿಗೂ ಏನು ಕೇಳಿಸಿತೋ ತಿಳಿಯದು. ಸ್ವಲ್ಪ ಹೊತ್ತಿನಲ್ಲಿಯೇ ಹಾಗೆಯೇ ನಿದ್ರೆಹೋದರು.

ಸಂಜೆ ಮಗನು ಕೆಲಸದಿಂದ ಬಂದ ಮೇಲೆ ಈ ಪಾಠವು ಮಾಳಿಗೆಯ ಮೇಲೆ ಮುಂದುವರಿಯಿತು. ಅಲ್ಲಿ ಅತ್ತೆ ಸೊಸೆಯರು ಹಗಲೆಲ್ಲ ಒಣಗಿದ ಶಂಡಿಗೆಗಳನ್ನು ಅರಿವೆಯಿಂದ ಬಿಡಿಸುತ್ತಿದ್ದರು. ಮಕ್ಕಳು ಬಿಡಿಸುವುದಕ್ಕಿಂತ ಹೆಚ್ಚಾಗಿ ತಿನ್ನುತ್ತಿದ್ದರು. ಇದೇ ಸುಣ್ಣದ ಕಲ್ಲನ್ನು ಪುಡಿಮಾಡಿ, ಮಣ್ಣಿನ ಅಂಶವನ್ನು ಬೆರೆಸಿ, ಸುತ್ತುತ್ತಿರುವ ದೊಡ್ಡ ಕುಲುಮೆಯಲ್ಲಿ ಸುಮಾರು ೧೪೫೦ ಡಿಗ್ರಿಗಳ ಉರಿಯಲ್ಲಿ ಸುಟ್ಟರೆ ಗಟ್ಟಿಯಾದ ಉಂಡೆಗಳಾಗುವುವೆಂದೂ, ಅವುಗಳಿಗೆ ಸ್ವಲ್ಪ ಜಿಪ್ಸಮ್ ಸೇರಿಸಿ ಅರೆದುದೇ ಸಿಮೆಂಟೆಂದೂ ತಂದೆಯು ಮಗಳಿಗೆ ತಿಳಿಸಿದನು. ವಾಡಿಯಲ್ಲಿಯೂ ಸೇಡಮಿನಲ್ಲಿಯೂ ಎತ್ತರವಾದ ಧೂಮನಾಳಗಳು ಎದ್ದು ನಿಂತುದಕ್ಕೆ ಕಾರಣವು ಈ ಕಲ್ಲೇ. ನೂರಾರು ಮನೆಗಳಲ್ಲಿ ಒಲೆ ಉರಿಯುವುದೂ ಇದರಿಂದಲೇ. ಅಂಗಳದ ತುಳಸಿಯ ಮೇಲೆ ಬೂದಿಯ ಬಣ್ಣದ ಧೂಳು ಕೂಡುವುದೂ ಇದರಿಂದಲೇ. ಇವೆರಡನ್ನೂ ಮಕ್ಕಳಿಗೆ ಹೇಳುವುದು ಒಳ್ಳೆಯದು. ತಮ್ಮ ನೆಲವನ್ನು ಬರಿಯ ಹೊಗಳಿಕೆಯಿಂದ ತಿಳಿದವರು ಮೊದಲನೆಯ ನಿಂದೆಗೇ ತಲೆತಗ್ಗಿಸುವರು.

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಸೊಸೆಯು ಮನಸ್ಸಿನಲ್ಲಿದ್ದುದನ್ನು ಆಡಿದಳು: “ಮಾಮಾ, ಅಲ್ಲಿ ಹೋದಮ್ಯಾಲ ಇವರಿಗೆ ಕನ್ನಡ ಯಾರು ಕಲಿಸ್ತಾರ?” ಮನೆಯಲ್ಲಿ ಆಡುವ ಮಾತು ತಾನಾಗಿಯೇ ಬರುವುದು, ಅದಕ್ಕಾಗಿ ಚಿಂತೆ ಬೇಡ ಎಂದು ಮಗನ ಅಭಿಪ್ರಾಯ. ಮಾತು ತಾನಾಗಿ ಬರುವುದೆಂಬುದು ನಿಜವೇ. ಆದರೆ ಅಕ್ಷರವು ತಾನಾಗಿ ಬರುವುದಿಲ್ಲ. ಎರಡನೆಯ ತರಗತಿಯಲ್ಲಿ ಬಿಟ್ಟುಹೋದ ಅಕ್ಷರವು ಹತ್ತನೆಯ ವರುಷಕ್ಕೆ ಅಪರಿಚಿತವಾಗುವುದನ್ನು ನಾನು ಶಾಲೆಯಲ್ಲಿ ಅನೇಕ ಸಾರೆ ಕಂಡಿರುವೆನು. ಆ ರಾತ್ರಿ ನಾನು ಹೆಚ್ಚು ಮಾತಾಡಲಿಲ್ಲ. ಮರುದಿನದ ಪ್ರಯಾಣದ ಸಿದ್ಧತೆ ನಡೆಯಬೇಕಾಗಿತ್ತು.

ಭಾನುವಾರ ಬೆಳ್ಳಿ ಮೂಡುವ ಹೊತ್ತಿಗೆ ಎದ್ದು, ಕಟಕ ರೊಟ್ಟಿ, ಹಿಂಡಿ, ನೀರಿನ ತಂಬಿಗೆಗಳನ್ನು ಕಟ್ಟಿಕೊಂಡು ಆರು ಜನರೂ ಸೇಡಂ ನಿಲ್ದಾಣದಿಂದ ಮುಂಜಾನೆಯ ಗಾಡಿಯನ್ನು ಹತ್ತಿದೆವು. ಗಾಡಿಯು ಪಡುವಲಿಗೆ ಹೊರಟು ಮಳಖೇಡ ರೋಡ್ ಎಂಬ ನಿಲ್ದಾಣದಲ್ಲಿ ನಿಂತಿತು. ಮಳಖೇಡವೆಂದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಅಲ್ಲಿಂದ ಅರುವತ್ತು ವರುಷಗಳಿಗೂ ಮಿಕ್ಕಿ ರಾಜ್ಯವಾಳಿದನು. ಈಗ ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಹುಟ್ಟಿತು. ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನೂ ಅವನ ಕಾಲದವನೇ. ಮಾಧ್ವ ಗ್ರಂಥಗಳಿಗೆ ಟೀಕೆಗಳನ್ನು ಬರೆದ ಜಯತೀರ್ಥರ ಬೃಂದಾವನವೂ, ನೇಮಿನಾಥನ ಬಸದಿಯೂ, ಕಾಗಿಣೆಯ ದಡದ ಕೋಟೆಯೂ ಅಲ್ಲಿ ಉಂಟು. ಕೂಡುವ ಕಳೆಯುವ ಲೆಕ್ಕಗಳಿಗೆ ಹೆದರುವ ನನ್ನ ಮೊಮ್ಮಗಳು, ತನ್ನ ಊರಿನ ಮಗ್ಗುಲಲ್ಲಿಯೇ ಸಾವಿರ ವರುಷಗಳ ಹಿಂದೆ ಲೆಕ್ಕದ ಪುಸ್ತಕವಿತ್ತೆಂದು ಕೇಳಿ, “ಆಗನೂ ಇತ್ತಾ!” ಎಂದು ನಿಟ್ಟುಸಿರುಬಿಟ್ಟಳು.

ಚಿತ್ತಾಪುರದಲ್ಲಿ ಇಳಿದು ಆಟೋ ಗಾಡಿಯಲ್ಲಿ ನಾಗಾವಿಗೆ ಹೋದೆವು. ಊರಿಗೆ ಸಮೀಪವೇ. ಎಲ್ಲಮ್ಮನ ಗುಡಿಯಲ್ಲಿ ಕಾಯಿ ಒಡೆಸಿ, ಬಿಸಿಲೇರುವ ಮುನ್ನ ಹಳೆಯ ಕಟ್ಟಡಗಳ ಕಡೆಗೆ ನಡೆದೆವು. ಅಲ್ಲಿ ಅರವತ್ತು ಕಂಬದ ಗುಡಿಯೆಂದು ಜನರು ಕರೆಯುವ ದೇವಾಲಯವೊಂದಿದೆ. ಮೊಮ್ಮಗನು ಕಂಬಗಳನ್ನು ಎಣಿಸಲು ತೊಡಗಿ, ಇಪ್ಪತ್ತರ ಮುಂದೆ ಎಣಿಕೆ ಬಾರದ್ದರಿಂದ ಮೂರು ಸಾರೆ ಇಪ್ಪತ್ತನ್ನು ಎಣಿಸಿ ಕೆಲಸ ಮುಗಿಸಿದನು.

ನಾಗಾವಿಯು ಚಾಲುಕ್ಯರ ಕಾಲದ ಘಟಿಕಾಸ್ಥಾನ. ತ್ರೈಲೋಕ್ಯಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಇಲ್ಲಿ ವಿದ್ಯಾರ್ಥಿಗಳಿಗೆ ಅನ್ನ, ವಸತಿ, ಪಾಠಗಳ ಏರ್ಪಾಡನ್ನು ಮಾಡಿದುದನ್ನು ೧೦೫೮ರ ಶಾಸನವು ಹೇಳುವುದು. ವೇದವನ್ನೋದುವವರೇ ಇನ್ನೂರು ಮಂದಿ, ಶಾಸ್ತ್ರಗಳನ್ನೋದುವವರು ಬೇರೆ. ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆಯುವ ಸಂಗತಿಯೆಂದರೆ, ಉಪಾಧ್ಯಾಯರಿಗೆ ಭೂಮಿಯನ್ನು ದತ್ತಿಬಿಟ್ಟಂತೆಯೇ ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಭೂಮಿಯನ್ನು ಬಿಟ್ಟಿದ್ದರು. ಒಂದು ಪಾಠಶಾಲೆಯ ಪುಸ್ತಕಗಳಿಗೆ ಆರು ಕಾವಲುಗಾರರು! ಇಂದು ಎಷ್ಟು ಶಾಲೆಗಳಲ್ಲಿ ಒಬ್ಬನುಂಟು?

“ಆ ಪುಸ್ತಕ ಎಲ್ಲಿ ಹ್ವಾದವು, ಮುತ್ಯಾ?” ಎಂದು ಮೊಮ್ಮಗಳು ಕೇಳಿದಳು. ಅವು ತಾಳೆಯ ಗರಿಯವು; ಹುಳು ತಿಂದು, ನೀರು ಬಿದ್ದು, ಬೆಂಕಿ ತಗುಲಿ ಹೋದುವು ಎಂದೆನು. “ಮತ್ತ ನಿನಗ ಹ್ಯಾಂಗ ಗೊತ್ತಾತು?” ಕಲ್ಲಿನ ಮೇಲೆ ಬರೆದು ಇಟ್ಟಿದ್ದರು, ಅದು ಉಳಿಯಿತು ಎಂದು ಹೇಳಿದೆನು. ಹುಡುಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದರ ಕಲ್ಲು ಚಲೋನೇ” ಎಂದಳು. ಅವಳ ಮೊದಲಿನ ಪ್ರಶ್ನೆಗೆ ಅವಳೇ ಉತ್ತರವನ್ನು ಹುಡುಕಿಕೊಂಡುದು ನನಗೆ ಸಂತೋಷವನ್ನುಂಟುಮಾಡಿತು. ಇದೇ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮೆಯ ದಡದ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲೊಂದರ ಮೇಲೆ ಅಶೋಕನ ಶಾಸನವು ೧೯೮೬ರಲ್ಲಿ ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರನ್ನು ಬರೆದ ಶಿಲ್ಪವೇ ದೊರೆಯಿತು. ಇಷ್ಟೆಲ್ಲವನ್ನೂ ನಮ್ಮ ಈ ‘ಬರೀ ಕಲ್ಲು’ ಕಾದಿಟ್ಟಿದೆ.

ಹತ್ತರ ಬಿಸಿಲಿಗೆ ಕಿರಿಯವನು ಸೊರಗಿ ತಂದೆಯ ಹೆಗಲನ್ನೇರಿದನು. ಬೇವಿನ ನೆರಳಿನಲ್ಲಿ ರೊಟ್ಟಿಯ ಗಂಟನ್ನು ಬಿಚ್ಚಿ ಉಂಡು, ಅವನಿಗೆ ಕೊಟ್ಟಿದ್ದ ಮಾತಿನಂತೆ ವಾಡಿಗೆ ಹೋದೆವು. ಗಾಡಿಗಳನ್ನು ನೋಡುವ ಹುಚ್ಚಿರುವ ಹುಡುಗನಿಗೆ ವಾಡಿಯ ಜಂಕ್ಷನ್ನಿಗಿಂತ ದೊಡ್ಡ ಕ್ಷೇತ್ರವಿಲ್ಲ. ೧೮೭೧ರಲ್ಲಿ ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದುವು. ೧೮೭೪ರಲ್ಲಿ ನಿಜಾಮರ ಸಂಸ್ಥಾನದ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದಿತು. ಅಂದಿನಿಂದ ವಾಡಿಯು ಮೂರು ದಿಕ್ಕುಗಳ ಜನರು ಗಾಡಿ ಬದಲಿಸುವ ಸ್ಥಳ. ಒಂದೇ ಬೆಂಚಿನ ಮೇಲೆ ಕನ್ನಡ, ಉರ್ದು, ತೆಲುಗು, ಮರಾಠಿಗಳು ಕೇಳಿಬರುವುವು. ಸುಸಲಾ ತಿನ್ನುತ್ತ ಕುಳಿತಿದ್ದ ಮೊಮ್ಮಗನು, ತಮ್ಮನ್ನು ಹೊಸ ಊರಿಗೆ ಒಯ್ಯುವ ಗಾಡಿ ಯಾವುದೆಂದು ಕೇಳಿದನು. ಬಳಿಕ, “ನೀನೂ ಬರ್ತೀ ಏನು ಮುತ್ಯಾ?” ಎಂದನು. ನನಗಿಂತ ಮೊದಲು ಅವನ ಆಯಿಯೇ, “ದೀಪಾವಳಿಗೆ ನೀನೇ ಬರಬೇಕಲ್ಲೋ, ಕಜ್ಜಾಯ ಯಾರು ತಿನ್ನಬೇಕು?” ಎಂದು ಹೇಳಿ, ಸೆರಗಿನಿಂದ ಅವನ ಬಾಯಿಯನ್ನು ಒರಸಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮರಳುವ ಗಾಡಿಯಲ್ಲಿ ರಾತ್ರಿಯ ಚರ್ಚೆಯು ತಾನಾಗಿಯೇ ಮುಗಿಯಿತು. ಮೊಮ್ಮಗಳು ನೋಟುಪುಸ್ತಕವನ್ನು ತೆರೆದು, ನಿಲ್ದಾಣದ ಹಲಗೆಗಳ ಮೇಲಿನ ಕನ್ನಡ ಹೆಸರುಗಳನ್ನು ಒಂದೊಂದಾಗಿ ಓದಿ ಬರೆದುಕೊಳ್ಳುತ್ತಿದ್ದಳು. ‘ಚಿತ್ತಾಪುರ’ದ ಒತ್ತಕ್ಷರದ ಬಳಿ ಅವಳ ಲೇಖನಿ ನಿಂತಾಗ, ಮಗನೇ ಬಾಗಿ ಅದನ್ನು ತಿದ್ದಿದನು. ಬಳಿಕ ತನ್ನ ಹೆಂಡತಿಯ ಕಡೆಗೆ ನೋಡಿ, “ದಿನಾ ರಾತ್ರಿ ಅರ್ಧ ತಾಸು ನಾನೇ ಕೂಡ್ತೀನಿ” ಎಂದನು. ನಾನು ಪ್ರತಿ ವಾರ ಮೊಮ್ಮಗಳಿಗೆ ದೊಡ್ಡ ಅಕ್ಷರಗಳಲ್ಲಿ ಒಂದು ಕಾಗದವನ್ನು ಬರೆಯುವುದೆಂದೂ, ಅವಳು ನಾಲ್ಕು ಸಾಲುಗಳಿಗೆ ಕಡಿಮೆಯಿಲ್ಲದಂತೆ ಉತ್ತರವನ್ನು ಬರೆಯುವುದೆಂದೂ ನಿರ್ಣಯವಾಯಿತು. ದೂರಧ್ವನಿಯಲ್ಲಿ ಪ್ರತಿದಿನ ಮುಖ ನೋಡಿ ಮಾತಾಡಬಹುದಾದ ಈ ಕಾಲದಲ್ಲಿ ಕಾಗದವೇಕೆಂದು ಕೆಲವರು ನಗಬಹುದು. ಮಾತಾಡುವುದಕ್ಕೆ ದೂರಧ್ವನಿಯು ಸಾಕು. ಒತ್ತಕ್ಷರವನ್ನು ತಿದ್ದುವುದಕ್ಕೆ ಕಾಗದವೇ ಬೇಕು.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಮಕ್ಕಳಿಗೆ ಪ್ರಪಂಚವನ್ನು ತೋರಿಸಲು ದೂರ ದೇಶದ ಯಾತ್ರೆಗಾಗಿ ಹಣ ಕೂಡುವವರೆಗೆ ಕಾಯಬೇಡಿರಿ. ನಿಮ್ಮ ಊರಿನಿಂದ ಒಂದು ತಾಸಿನ ದಾರಿಯಲ್ಲಿ ಏನುಂಟೆಂಬುದನ್ನು ಮೊದಲು ನೀವು ತಿಳಿದು, ಬಿಸಿಲೇರುವ ಮುನ್ನ ಎರಡು ತಾಸು ಅವರೊಡನೆ ನಡೆಯಿರಿ. ನೀರು, ಟೊಪ್ಪಿಗೆ, ರೊಟ್ಟಿಯ ಗಂಟು ಜೊತೆಗಿರಲಿ. ಕಲ್ಲುಗಣಿಗಳ ಹಳೆಯ ಹೊಂಡಗಳ ಸಮೀಪಕ್ಕೆ ಮಾತ್ರ ಮಕ್ಕಳನ್ನು ಬಿಡಬೇಡಿರಿ. ಒಂದು ದಿನಕ್ಕೆ ಒಂದು ಸ್ಥಳ ಸಾಕು. ಅವರು ಕೇಳಿದುದಕ್ಕೆ ಉತ್ತರ ಹೇಳಿರಿ, ಕೇಳದುದನ್ನು ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿರಿ.

ನಮಗೆ ಚಿಂಚೋಳಿಯು ಇನ್ನೂ ಉಳಿದಿದೆ. ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಅಲ್ಲಿಯ ಕಾಡು, ಚಂದ್ರಂಪಳ್ಳಿಯ ಜಲಾಶಯ, ಲಂಬಾಣಿ ತಾಂಡಾಗಳು, ಇವನ್ನು ಮಕ್ಕಳು ನೋಡಿಲ್ಲ. ಬರುವ ಭಾನುವಾರ ನಾಲ್ಕು ಗಂಟೆಗೇ ಎಬ್ಬಿಸಬೇಕೆಂದು ಮೊಮ್ಮಗಳು ಈಗಾಗಲೇ ಅಪ್ಪಣೆ ಮಾಡಿರುವಳು.