ವಿಶೆಹ್ರಾದಿನ ಬಂಡೆಯ ಮೇಲೆ

ಪ್ರಾಗ್ ನಗರಕ್ಕೆ ಹೋಗುವವರು ಸಾಮಾನ್ಯವಾಗಿ ಅಲ್ಲಿಯ ಹಳೆಯ ಕಲ್ಲಿನ ಸೇತುವೆಯನ್ನೂ, ಹೊಳೆಯಾಚೆ ಗುಡ್ಡದ ಮೇಲಿರುವ ಅರಮನೆಯನ್ನೂ, ಚೌಕದ ಗೋಪುರದಲ್ಲಿರುವ ವಿಚಿತ್ರವಾದ ಗಡಿಯಾರವನ್ನೂ ನೋಡಿಕೊಂಡು ಹಿಂದಿರುಗುವರು. ನಾವೂ ಅವನ್ನೆಲ್ಲ ನೋಡಿದೆವು. ಅವುಗಳ ವರ್ಣನೆಯು ಬೇರೆ ಪ್ರವಾಸಿಗಳ ಲೇಖನಗಳಲ್ಲಿ ಬೇಕಾದಷ್ಟು ದೊರೆಯುವುದರಿಂದ ವಾಚಕ ಮಹಾಶಯರ ಕಾಲವನ್ನು ಅದಕ್ಕಾಗಿ ವ್ಯಯಮಾಡುವುದಿಲ್ಲ. ಊರಿನ ದಕ್ಷಿಣಕ್ಕೆ, ಹೊಳೆಯ ಬಲದಡದಲ್ಲಿ ನೆಟ್ಟಗೆ ಎದ್ದು ನಿಂತಿರುವ ವಿಶೆಹ್ರಾದ್ ಎಂಬ ಬಂಡೆಯ ಗುಡ್ಡವೇ ನಾವು ಈಗ ಹೇಳಹೊರಟಿರುವ ಸ್ಥಳ.

ನಾವು ಅಲ್ಲಿಗೆ ಹೋದುದಕ್ಕೆ ಕಾರಣವಾದದ್ದು ನಮ್ಮ ಕಿವಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾವು ಪಾಠಶಾಲೆಯಲ್ಲಿ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟವರು. ಹ್ರಸ್ವ ದೀರ್ಘಗಳನ್ನೂ ಅಲ್ಪಪ್ರಾಣ ಮಹಾಪ್ರಾಣಗಳನ್ನೂ ತಿದ್ದಿ, ಶಕಾರ ಷಕಾರ ಸಕಾರಗಳನ್ನು ಒಂದೇ ಆಗಿ ಉಚ್ಚರಿಸಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವರು. ಈಗ ಒಂದೂವರೆ ವರ್ಷದಿಂದ ಆ ಮೂರು ಅಕ್ಷರಗಳ ಭೇದವು ನಮಗೇ ಕೇಳಿಸದಂತಾಗಿದೆ. ಬಲಗಿವಿಯಲ್ಲಿ ಹಗಲಿರುಳೂ ಒಂದು ಜೀರುಂಡೆ ಕೂಗುತ್ತಿರುತ್ತದೆ. ವೈದ್ಯರು ಪರೀಕ್ಷಿಸಿ ಒಂದು ಯಂತ್ರವನ್ನು ಕೊಟ್ಟರು. ನಾವು ಅದನ್ನು ಜೇಬಿನಲ್ಲಿ ಧರಿಸುತ್ತ ಬಂದೆವು. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ಕಳೆದ ಶರತ್ಕಾಲದಲ್ಲಿ ನಮ್ಮಿಬ್ಬರನ್ನು ಕರೆಸಿಕೊಂಡಾಗ, ಮನೆಯಾಕೆಯು ಈ ಸಂಗತಿಯನ್ನು ಅವನಿಗೆ ಮೊದಲ ದಿನವೇ ವರದಿಮಾಡಿದಳು. ಅವನು ನಮ್ಮನ್ನು ಏನೂ ಕೇಳಲಿಲ್ಲ. “ಅಪ್ಪಾ, ಪ್ರಾಗಿಗೆ ಹೋಗಿಬರೋಣ. ಕಿವಿ ಪೂರ್ತಿ ಹೋದಮೇಲೆ ತನ್ನ ದೇಶದ ನದಿಯನ್ನು ಸಂಗೀತದಲ್ಲಿ ಬರೆದವನೊಬ್ಬನ ಊರು ಅದು” ಎಂದಷ್ಟೇ ಹೇಳಿದನು.

ಆ ಸಂಗೀತಗಾರನೇ ಬೆಡ್ರಿಖ್ ಸ್ಮೆತಾನ. ನದಿಯ ಹೆಸರು ವಲ್ತಾವ.

ನೆಲದಡಿಯ ರೈಲಿನಿಂದಿಳಿದು ಸ್ವಲ್ಪ ದೂರ ನಡೆದರೆ ಕೋಟೆಯ ಇಟ್ಟಿಗೆಯ ಗೋಡೆಗಳೂ ಬಾಗಿಲುಗಳೂ ಸಿಕ್ಕುತ್ತವೆ. ಒಳಗೆ ದೊಡ್ಡ ಮರಗಳ ತೋಪು; ಹನ್ನೊಂದನೆಯ ಶತಮಾನದ ಒಂದು ಪುಟ್ಟ ದುಂಡು ಗುಡಿ; ಜೋಡಿ ಶಿಖರಗಳುಳ್ಳ ಒಂದು ಇಗರ್ಜಿ; ಅದರ ಪಕ್ಕದಲ್ಲಿ ಸ್ಮಶಾನ. ಕೋಟೆಯ ಅಂಚಿಗೆ ಬಂದು ನಿಂತರೆ ಕಾಲಕೆಳಗೆ ವಲ್ತಾವವು ಅಗಲವಾಗಿ, ಅವಸರವಿಲ್ಲದೆ, ನಗರದ ಕಡೆಗೆ ಹರಿದುಹೋಗುವುದು ಕಾಣುತ್ತದೆ. ಇಲ್ಲಿಯೇ ಲಿಬುಶೆ ಎಂಬ ರಾಣಿಯು ಆಳುತ್ತಿದ್ದಳೆಂದೂ, ಪ್ರಾಗ್ ನಗರದ ಕೀರ್ತಿಯು ನಕ್ಷತ್ರಗಳನ್ನು ಮುಟ್ಟುವುದೆಂದು ಭವಿಷ್ಯವನ್ನು ನುಡಿದಳೆಂದೂ ಚೆಕ್ಕರ ಪುರಾಣವು ಹೇಳುತ್ತದೆ. ನೆಲವನ್ನಗೆದು ನೋಡಿದ ವಿದ್ವಾಂಸರ ಮತವು ಬೇರೆ. ಅವರ ಪ್ರಕಾರ ಈ ಕೋಟೆಯು ಹತ್ತನೆಯ ಶತಮಾನದ್ದು. ಎದುರುದಡದ ಅರಮನೆಯೇ ಇದಕ್ಕಿಂತ ಹಳೆಯದು. ಆದರೂ ಚೆಕ್ಕರು ತಮ್ಮ ನಾಡಿನ ಮೂಲವೆಂದು ಕೈತೋರಿಸುವುದು ಈ ಬಂಡೆಯನ್ನೇ.

ಸ್ಮೆತಾನನು 1824ನೆಯ ಮಾರ್ಚ್ 2ರಂದು ಲಿತೊಮಿಶ್ಲ್ ಎಂಬ ಊರಿನಲ್ಲಿ ಹುಟ್ಟಿದನು. ಆ ಕಾಲದಲ್ಲಿ ಚೆಕ್ಕರ ನಾಡು ಹ್ಯಾಪ್ಸ್‌ಬರ್ಗ್ ಚಕ್ರವರ್ತಿಗಳ ಅಧೀನವಾಗಿದ್ದಿತು. 1620ರಲ್ಲಿ ಪ್ರಾಗಿನ ಹತ್ತಿರದ ಬಿಳಿಗುಡ್ಡದ ಕಾಳಗದಲ್ಲಿ ಸೋತ ಮೇಲೆ ಆ ಜನರ ಭಾಷೆಯು ಕಛೇರಿಯನ್ನೂ ಶಾಲೆಯನ್ನೂ ಬಿಟ್ಟು ಹಳ್ಳಿಯ ಅಡಿಗೆಮನೆಗಳಲ್ಲಿಯೂ ಹೊಲಗದ್ದೆಗಳಲ್ಲಿಯೂ ಉಳಿದುಕೊಂಡಿತು. ಸ್ಮೆತಾನನು ಕಲಿತದ್ದೆಲ್ಲ ಜರ್ಮನ್ ಭಾಷೆಯಲ್ಲಿ. ಮೂವತ್ತು ವರ್ಷ ದಾಟಿದಮೇಲೆ, ಹೊಟ್ಟೆಪಾಡಿಗಾಗಿ ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ ಐದು ವರ್ಷವಿದ್ದು ಹಿಂದಿರುಗಿದಮೇಲೆ, ಅವನು ತನ್ನ ಜನರ ಭಾಷೆಯಲ್ಲಿ ಸರಿಯಾಗಿ ಬರೆಯುವುದನ್ನು ಅಭ್ಯಾಸಮಾಡಿದನು. ಕಾಗದಗಳಲ್ಲಿ ತನ್ನ ತಪ್ಪುಗಳಿಗಾಗಿ ಕ್ಷಮೆಯನ್ನು ಬೇಡುತ್ತಿದ್ದನಂತೆ. ಮೇಷ್ಟರಾದ ನಮಗೆ ಈ ಸಂಗತಿಯು ಅವನ ಬಿರುದುಬಾವಲಿಗಳಿಗಿಂತ ಹೆಚ್ಚು ಪ್ರಿಯವಾಯಿತು. ನಡುವಯಸ್ಸಿನಲ್ಲಿ ವ್ಯಾಕರಣವನ್ನು ಹಿಡಿದು ಕುಳಿತುಕೊಳ್ಳುವವರು ಅಪರೂಪ.

ಹೊಳೆಯ ದಡದಲ್ಲಿ, ವಿಶೆಹ್ರಾದಿನಿಂದ ನಗರಕ್ಕೆ ಹೋಗುವ ದಾರಿಯಲ್ಲಿ, ಚಿನ್ನದ ಬಣ್ಣದ ಅಲಂಕಾರವುಳ್ಳ ಒಂದು ದೊಡ್ಡ ನಾಟಕಶಾಲೆಯಿದೆ. ಚಕ್ರವರ್ತಿಯ ಕೃಪೆಯನ್ನೇ ನೆಚ್ಚಿ ಕಟ್ಟಿದ್ದಲ್ಲ ಇದು. ಜನರು ತಾವೇ ವರ್ಷಗಟ್ಟಲೆ ಹಣ ಕೂಡಿಸಿದರು. ‘ನಾಡು ತನಗಾಗಿ’ ಎಂಬ ಅರ್ಥದ ಎರಡು ಮಾತುಗಳು ರಂಗದ ನೆತ್ತಿಯ ಮೇಲಿವೆ. 1868ರಲ್ಲಿ ಅಡಿಗಲ್ಲನ್ನಿಟ್ಟರು. 1881ನೆಯ ಜೂನ್ 11ರಂದು ಸ್ಮೆತಾನನ ‘ಲಿಬುಶೆ’ ಎಂಬ ಗೀತನಾಟಕದಿಂದ ಅದು ತೆರೆಯಿತು. ಆಗಸ್ಟ್ 12ರಂದು ಬೆಂಕಿ ಬಿದ್ದು ಸುಟ್ಟುಹೋಯಿತು. ಜನರು ಅಳುತ್ತ ಕೂಡಲಿಲ್ಲ. ಆರೇಳು ವಾರಗಳಲ್ಲಿ ಹತ್ತು ಲಕ್ಷ ಗುಲ್ಡನ್ ಕೂಡಿತು. 1883ನೆಯ ನವೆಂಬರ್ 18ರಂದು ಮತ್ತೆ ಬಾಗಿಲು ತೆರೆದಾಗ ಮತ್ತೆ ಅದೇ ‘ಲಿಬುಶೆ’. ಆ ನಾಟಕವನ್ನು ಸ್ಮೆತಾನನು 1872ರಲ್ಲಿಯೇ ಮುಗಿಸಿ, ಇಂಥ ಒಂದು ದಿನಕ್ಕಾಗಿಯೇ ಒಂಬತ್ತು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದನು. ಆ ದಿನವು ಬರುವ ಹೊತ್ತಿಗೆ ಅದರ ಒಂದು ಸ್ವರವೂ ಅವನಿಗೆ ಕೇಳಿಸದಂತಾಗಿತ್ತು.

ಈ ‘ಲಿಬುಶೆ’ಯ ಮಾತು ಬಂದಾಗ ಒಂದು ವಿಷಯವನ್ನು ಮರೆಸಿ ಮುಂದೆ ಹೋಗಲು ನಮ್ಮ ಮನಸ್ಸೊಪ್ಪುವುದಿಲ್ಲ. 1817, 1818ರ ಸುಮಾರಿನಲ್ಲಿ ಎರಡು ಹಳೆಯ ಹಸ್ತಪ್ರತಿಗಳು ದೊರೆತವೆಂದು ಬೊಹಿಮಿಯದಲ್ಲಿ ದೊಡ್ಡ ಸಂಭ್ರಮವಾಯಿತು. ಅವುಗಳಲ್ಲಿ ಪ್ರಾಚೀನ ಚೆಕ್ ಕಾವ್ಯಗಳಿದ್ದುವು. ದಾಯಭಾಗಕ್ಕಾಗಿ ಜಗಳವಾಡಿದ ಇಬ್ಬರು ಅಣ್ಣತಮ್ಮಂದಿರಿಗೆ ಲಿಬುಶೆಯು ನ್ಯಾಯ ಹೇಳಿದ ಕಥೆ ಒಂದರಲ್ಲಿ. ಲುಮೀರನೆಂಬ ಗಾಯಕನ ಹೆಸರು ಇನ್ನೊಂದರಲ್ಲಿ. ಚಿತ್ರಗಾರರೂ ಕವಿಗಳೂ ಸಂಗೀತಗಾರರೂ ಅವುಗಳನ್ನು ವೇದದಂತೆ ನಂಬಿದರು. 1886ರಲ್ಲಿ ಗೆಬೌವರ್ ಎಂಬ ಭಾಷಾಪಂಡಿತನು, ಮುಂದೆ ಆ ದೇಶದ ಮೊದಲನೆಯ ಅಧ್ಯಕ್ಷನಾದ ಮಸಾರಿಕನ ಪತ್ರಿಕೆಯಲ್ಲಿ, ಅವುಗಳ ಪ್ರಾಚೀನತೆಯನ್ನು ಪ್ರಶ್ನಿಸಿದನು. ಅವು ಹತ್ತೊಂಬತ್ತನೆಯ ಶತಮಾನದವರೇ ಯಾರೋ ಕಟ್ಟಿದ ಕೂಟಕೃತಿಗಳೆಂಬುದು ಸಿದ್ಧವಾಯಿತು. ನಿಜವನ್ನು ಹೇಳಿದವರಿಗೆ ಜನರಿಂದ ದೊರೆತದ್ದು ದೇಶದ್ರೋಹಿಗಳೆಂಬ ಬಯ್ಗುಳ.

ಪ್ರಕ್ಷಿಪ್ತ ಶ್ಲೋಕಗಳನ್ನು ಆರಿಸಿ ತೆಗೆಯುವುದರಲ್ಲಿಯೇ ಕಣ್ಣು ಮಂಜಾದ ನಮ್ಮಂಥವರಿಗೆ ಇದನ್ನು ತಿಳಿದಾಗ ಮೊದಲು ಉಂಟಾದದ್ದು ಬೇಸರ. ಸುಳ್ಳು ಓಲೆಯ ಮೇಲೆ ಕಟ್ಟಿದ ದೇಶಭಕ್ತಿಯು ಎಷ್ಟು ದಿನ ನಿಂತೀತು ಎಂದುಕೊಂಡೆವು. ಬಂಡೆಯ ಮೇಲೆ ಕುಳಿತು ಯೋಚಿಸಿದಾಗ ಆ ಬೇಸರವು ಅರ್ಧ ಇಳಿಯಿತು. ಲಿಬುಶೆಯ ಹೆಸರು ಕೂಟಕೃತಿಯದಲ್ಲ. ಹನ್ನೆರಡನೆಯ ಶತಮಾನದ ಕೊಸ್ಮಾಸನೆಂಬ ಪಾದ್ರಿಯ ನಿಜವಾದ ವೃತ್ತಾಂತದಲ್ಲಿಯೇ ಆಕೆಯಿದ್ದಾಳೆ. ಲುಮೀರನಿಗೆ ಅಂಥ ಸಾಕ್ಷಿಯಿಲ್ಲ. ಆದರೆ ಸ್ಮೆತಾನನ ‘ವಿಶೆಹ್ರಾದ್’ ಎಂಬ ವಾದ್ಯಕಾವ್ಯವು ಆರಂಭವಾಗುವುದೇ ಲುಮೀರನ ಹಾರ್ಪ್ ವಾದ್ಯದ ತಂತಿಗಳಿಂದ. ಓಲೆಯು ಸುಳ್ಳಾಗಿ ಬಿದ್ದುಹೋದರೂ ತಂತಿಯ ನಾದವು ನಿಂತಿದೆ. ಉಳಿದರ್ಧ ಬೇಸರವನ್ನು ನಾವು ಹಾಗೆಯೇ ಊರಿಗೆ ತಂದಿದ್ದೇವೆ. ಕವಿಗೆ ಕಲ್ಪನೆಯ ಹಕ್ಕುಂಟು, ಲಿಪಿಕಾರನಿಗಿಲ್ಲ.

ಇನ್ನು ನದಿಯ ಮಾತು. ‘ನನ್ನ ನಾಡು’ ಎಂಬ ಹೆಸರಿನಲ್ಲಿ ಸ್ಮೆತಾನನು ಆರು ವಾದ್ಯಕಾವ್ಯಗಳ ಮಾಲೆಯನ್ನು ರಚಿಸಿದನು. ಇವುಗಳಲ್ಲಿ ಹಾಡುವವರಿಲ್ಲ, ಮಾತಿಲ್ಲ. ಹತ್ತಾರು ಪಿಟೀಲು, ಕೊಳಲು, ತುತ್ತೂರಿ, ಭೇರಿಗಳು ಸೇರಿ ಕಥೆಯನ್ನು ಹೇಳುತ್ತವೆ. ಮೊದಲನೆಯದಾದ ‘ವಿಶೆಹ್ರಾದ್’ ಅರ್ಧ ಆಗಿರುವಾಗಲೇ ಅವನ ಕಿವಿಗಳು ಕೆಟ್ಟುವು. 1874ನೆಯ ಅಕ್ಟೋಬರ್ 20ರ ಹೊತ್ತಿಗೆ ಎರಡು ಕಿವಿಗಳೂ ಪೂರ್ತಿಯಾಗಿ ಹೋದುವು. ನಾಟಕಶಾಲೆಯ ಉದ್ಯೋಗವೂ ಹೋಯಿತು. ಬೇರೆಯವನಾಗಿದ್ದರೆ ಲೇಖನಿಯನ್ನು ಕೆಳಗಿಡುತ್ತಿದ್ದನು. ಇವನು ನವೆಂಬರ್ 18ರಂದು ‘ವಿಶೆಹ್ರಾದ’ನ್ನು ಮುಗಿಸಿದನು, 20ರಂದು ‘ವಲ್ತಾವ’ವನ್ನು ಹಿಡಿದನು, ಡಿಸೆಂಬರ್ 8ರಂದು ಅದನ್ನೂ ಮುಗಿಸಿದನು. ಹತ್ತೊಂಬತ್ತು ದಿನ! ಒಂದು ತಲಕಾವ್ಯವನ್ನು ಪ್ರತಿಮಾಡುವುದಕ್ಕೇ ನಮಗೆ ಅಷ್ಟು ದಿನ ಹಿಡಿದೀತು.

ವಲ್ತಾವಕ್ಕೆ ಮೂಲಗಳು ಎರಡು. ಒಂದಕ್ಕೆ ಬೆಚ್ಚನೆಯ ವಲ್ತಾವವೆಂದೂ, ಇನ್ನೊಂದಕ್ಕೆ ತಣ್ಣನೆಯ ವಲ್ತಾವವೆಂದೂ ಹೆಸರು. ಸಂಗೀತದಲ್ಲಿ ಮೊದಲನೆಯ ತೊರೆಯನ್ನು ಕೊಳಲುಗಳೂ, ಅದನ್ನು ಕೂಡಿಕೊಳ್ಳುವ ಎರಡನೆಯದನ್ನು ಕ್ಲಾರಿನೆಟ್ಟುಗಳೂ ನುಡಿಸುತ್ತವೆ. ಎರಡೂ ಕಲೆತಮೇಲೆ ಪಿಟೀಲುಗಳಲ್ಲಿ ನದಿಯ ದೊಡ್ಡ ರಾಗವು ಏಳುತ್ತದೆ. ಮುಂದೆ ಕಾಡಿನ ಬೇಟೆಯ ಕಹಳೆ, ಹಳ್ಳಿಯ ಮದುವೆಯ ಕುಣಿತ, ಬೆಳುದಿಂಗಳಲ್ಲಿ ಜಲಕನ್ಯೆಯರ ಆಟ. ಕಾಳಿದಾಸನ ಮೇಘವು ರೇವಾ, ವೇತ್ರವತೀ, ಶಿಪ್ರಾ ನದಿಗಳನ್ನು ದಾಟುತ್ತ ಹೋಗುವಂತೆ ಇಲ್ಲಿ ನದಿಯೇ ನಾಡನ್ನು ನೋಡುತ್ತ ಬರುತ್ತದೆ. ಆಮೇಲೆ ಸಂತ ಯೋಹಾನನ ಪ್ರವಾಹವೆಂಬ ಬಂಡೆಗಳ ಇಕ್ಕಟ್ಟಿನಲ್ಲಿ ನೀರು ಭೋರ್ಗರೆದು, ಹೊರಬಿದ್ದು, ಅಗಲವಾಗಿ ವಿಶೆಹ್ರಾದಿನ ಮುಂದೆ ಸಾಗುತ್ತದೆ. ಆಗ ಹಿಂದಿನ ಕಾವ್ಯದ ಹಾರ್ಪಿನ ರಾಗವೇ ತುತ್ತೂರಿಗಳಲ್ಲಿ ಮೊಳಗುತ್ತದೆ.

ಆ ಭೋರ್ಗರೆವ ಪ್ರವಾಹವನ್ನು ನೋಡಬೇಕೆಂದು ನಾವು ಕೇಳಿದಾಗ ಮಗನು ನಕ್ಕನು. 1940ರ ದಶಕದಲ್ಲಿ ಶ್ಟೆಖೊವಿತ್ಸೆ ಎಂಬಲ್ಲಿ ಕಟ್ಟೆ ಕಟ್ಟಿದ್ದರಿಂದ ಆ ಬಂಡೆಗಳೆಲ್ಲ ಈಗ ನೀರಿನಡಿಯಲ್ಲಿವೆಯಂತೆ. “ಏನೂಂದ್ರೆ, ನಮ್ಮ ಹಳೇ ಕನ್ನಂಬಾಡಿ ಊರಿನ ಹಾಗಾಯ್ತಲ್ಲ!” ಎಂದಳು ಮನೆಯಾಕೆ. ಆ ನೀರಿನ ಗರ್ಜನೆಯನ್ನು ಕೇಳಬೇಕಾದರೆ ಇನ್ನು ಕಿವುಡನು ಬರೆದ ಹಾಳೆಗಳೇ ಗತಿ.

ಮಾಲೆಯ ಕೊನೆಯ ಎರಡು ಕಾವ್ಯಗಳು ಹುಸ್ಸನ ಅನುಯಾಯಿಗಳಾಗಿ ಹದಿನೈದನೆಯ ಶತಮಾನದಲ್ಲಿ ಕಾದಿದ ರೈತವೀರರಿಗೆ ಸಂಬಂಧಪಟ್ಟವು. ಅವರ ಯುದ್ಧಗೀತೆಯೊಂದರ ಮೇಲೆಯೇ ಕಟ್ಟಿದವು. 1882ನೆಯ ನವೆಂಬರ್ 5ರಂದು ಆರನ್ನೂ ಪ್ರಾಗಿನಲ್ಲಿ ಒಟ್ಟಿಗೆ ನುಡಿಸಿದರು. ಇಷ್ಟು ದೇಶೀಯವಾದ ಕೃತಿಯಲ್ಲಿಯೂ ಒಂದು ಚಮತ್ಕಾರವಿದೆ: ವಲ್ತಾವದ ಪ್ರಸಿದ್ಧ ರಾಗದ ಹತ್ತಿರದ ಬಂಧುಗಳು ಇಟಲಿಯ ಹಳೆಯ ಹಾಡೊಂದರಲ್ಲಿಯೂ, ಯುರೋಪಿನ ಬೇರೆ ನಾಡುಗಳಲ್ಲಿಯೂ ಇವೆ. ನದಿಗೆ ಗಡಿಯಿಲ್ಲವೆಂದು ಚೆಕ್ಕರು ಈ ವಿಷಯಕ್ಕೆ ತಲೆಕೆಡಿಸಿಕೊಂಡಂತೆ ಕಾಣಲಿಲ್ಲ. ಅವರಿಗೆ ಅದು ವಲ್ತಾವವೇ. 1948ರಲ್ಲಿ ದೇಶಬಿಟ್ಟುಹೋದ ಕುಬೆಲಿಕ್ ಎಂಬ ಮೇಳನಾಯಕನು ನಾಲ್ವತ್ತೆರಡು ವರ್ಷಗಳಮೇಲೆ ಹಿಂದಿರುಗಿ, 1990ನೆಯ ಮೇ 12ರಂದು ಪ್ರಾಗಿನಲ್ಲಿ ನುಡಿಸಿದ್ದೂ ಇದೇ ಮಾಲೆಯನ್ನು. ಮೇ 12 ಸ್ಮೆತಾನನು ತೀರಿಕೊಂಡ ದಿನ. 1884ರಲ್ಲಿ ಬುದ್ಧಿಭ್ರಮಣೆಯಾಗಿ, ಪ್ರಾಗಿನ ಮಾನಸಿಕ ಚಿಕಿತ್ಸಾಲಯದಲ್ಲಿ ಅವನ ಪ್ರಾಣ ಹೋಯಿತು. ಆ ನಗರದ ವಸಂತ ಸಂಗೀತೋತ್ಸವವು ಈ ದಿನ ಅವನ ಸಮಾಧಿಗೆ ಹೂವನ್ನರ್ಪಿಸಿ ಆರಂಭವಾಗುವುದು ವಾಡಿಕೆ.

ಸಮಾಧಿಯು ಈ ಗುಡ್ಡದಲ್ಲಿಯೇ ಇದೆ. ಯಾರೋ ಬೆಳಗ್ಗೆ ಇಟ್ಟುಹೋಗಿದ್ದ ಹೂವು ಬಾಡಿರಲಿಲ್ಲ. ಕಿವಿಯ ಯಾತನೆಯನ್ನು ಅವನು ಬಚ್ಚಿಡಲಿಲ್ಲವೆಂದೂ, 1876ರಲ್ಲಿ ನಾಲ್ಕು ತಂತಿವಾದ್ಯಗಳಿಗಾಗಿ ಬರೆದ ‘ನನ್ನ ಜೀವನದಿಂದ’ ಎಂಬ ಕೃತಿಯ ಕೊನೆಯಲ್ಲಿ, ಸಂತೋಷದ ಕುಣಿತದ ನಡುವೆ ತಟ್ಟನೆ ಬಹಳ ಎತ್ತರದ ಒಂದೇ ಸ್ವರವನ್ನು ನಿಲ್ಲಿಸಿ, ತನ್ನ ಕಿವಿಯೊಳಗಿನ ಕೂಗು ಇದೇ ಎಂದು ತೋರಿಸಿದನೆಂದೂ ಮಗನು ಅಲ್ಲಿ ನಿಂತು ಹೇಳಿದನು. ನಮ್ಮ ಜೀರುಂಡೆಯ ಮಾತನ್ನು ನಾವು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಗ ಹೇಳಿದೆವು. “ಎಷ್ಟು ದಿನದಿಂದ?” ಎಂದಳು ಮನೆಯಾಕೆ. ಒಂದು ವರ್ಷದ ಮೇಲಾಯಿತೆಂದೆವು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ.

ಕೋಟೆಯಂಚಿನ ಬೆಂಚಿನ ಮೇಲೆ ಕುಳಿತಮೇಲೆ ಮಗನು ಕಿವಿಗಳೆರಡನ್ನೂ ಮುಚ್ಚುವ ದೊಡ್ಡ ಹೆಡ್‌ಫೋನನ್ನು ನಮ್ಮ ತಲೆಗೆ ತೊಡಿಸಿ ‘ವಲ್ತಾವ’ವನ್ನು ಹಾಕಿದನು. ಕೆಳಗೆ ಹೊಳೆ ಕಾಣುತ್ತಿತ್ತು. ಕಿವಿಯಲ್ಲಿ ಏನೂ ಬರಲಿಲ್ಲ. ಇನ್ನೂ ಆರಂಭವಾಗಿಲ್ಲವೆಂದು ತಿಳಿದು ಅವನ ಮುಖವನ್ನು ನೋಡಿದೆವು. ಅವನು ಫೋನನ್ನು ತೋರಿಸಿದನು. ಸಂಗೀತವು ನಡೆಯುತ್ತಲೇ ಇದ್ದಿತು. ಸ್ವಲ್ಪ ಹೊತ್ತಾದಮೇಲೆ ಏನೋ ಒಂದು ಗುಂಯ್ಗುಟ್ಟುವಿಕೆ, ಅದರ ಬೆನ್ನಿಗೆ ಪಿಟೀಲುಗಳ ದೊಡ್ಡ ರಾಗ. ನದಿ ಬಂದಿತ್ತು. ಅದರ ಮೊದಲನೆಯ ತೊರೆ ಮಾತ್ರ ನಮ್ಮನ್ನು ಮುಟ್ಟದೆ ಹರಿದುಹೋಗಿತ್ತು. ಹನ್ನೆರಡು ಹದಿಮೂರು ನಿಮಿಷಗಳ ಕಾಲ ಕೇಳಿದೆವು. ಕೊನೆಯ ತುತ್ತೂರಿಗಳ ಹೊತ್ತಿಗೆ ಕಣ್ಣಲ್ಲಿ ನೀರಿದ್ದುದನ್ನು ಗಾಳಿಯ ಮೇಲೆ ಹಾಕಿದೆವು.

ಆಮೇಲೆ ಯಾರೂ ಹೇಳದೆಯೇ ಜೇಬಿಗೆ ಕೈಹಾಕಿ ಆ ಯಂತ್ರವನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡೆವು. ಮನೆಯಾಕೆಯು ಹೊಳೆಯ ಕಡೆಗೆ ನೋಡುತ್ತಿದ್ದಳು. ಮೊದಲಿನಿಂದ ಹಾಕೆಂದು ಮಗನಿಗೆ ಹೇಳಿದೆವು. ಈ ಸಲ ಕೊಳಲು ಬಂದಿತು. ತಗಡಿನ ಮೇಲೆ ಹನಿ ಬಿದ್ದಂತಿದ್ದರೂ, ಸಣ್ಣದಾಗಿ, ತಿರುಗಿ ತಿರುಗಿ, ಒಂದರ ಹಿಂದೊಂದಾಗಿ ಬಂದಿತು.

ಗುಡ್ಡವನ್ನಿಳಿದು ಹೊಳೆಯ ದಡದಲ್ಲಿ ಟ್ರಾಮನ್ನು ಹತ್ತುವವರೆಗೂ ಯಂತ್ರವನ್ನು ತೆಗೆಯುವುದನ್ನು ಮರೆತಿದ್ದೆವು. ಆ ಟ್ರಾಮಿನ ಗಂಟೆ ಬಹಳ ಕರ್ಕಶ.