ಬೋಟಿನಲ್ಲಿ ಊಟ, ಕಡಲಲ್ಲಿ ಉಪವಾಸ

ಮಧ್ಯಾಹ್ನದ ಹೊತ್ತು. ಬೋಟಿನ ಒಳಗಿನ ಮೇಜಿನ ಮೇಲೆ ಬನ್ನು, ಮಾಂಸದ ತೆಳು ಹೋಳುಗಳು, ಸೌತೆಕಾಯಿ ಮತ್ತು ಸೊಪ್ಪಿನ ಸಲಾಡು, ಹಣ್ಣು, ಕೇಕು ಜೋಡಿಸಿಟ್ಟಿದ್ದಾರೆ. ಪ್ರವಾಸಿಗರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾರೆ. ಅಷ್ಟರಲ್ಲಿ ಮೇಲಿನ ಅಟ್ಟದಿಂದ ಒಂದು ಮಗುವಿನ ಕೂಗು. ಸಾಲು ಚೆದುರುತ್ತದೆ. ತಟ್ಟೆಗಳು ಸಿಕ್ಕ ಸಿಕ್ಕಲ್ಲಿ ಉಳಿಯುತ್ತವೆ. ಎಲ್ಲರೂ ಕಂಬಿಯ ಬಳಿಗೆ ಓಡುತ್ತಾರೆ. ನೀಲಿ ನೀರಿನಲ್ಲಿ ಬಸ್ಸಿಗಿಂತ ಉದ್ದವಾದ ಕಪ್ಪು ಬೆನ್ನೊಂದು ನಿಧಾನವಾಗಿ ಮೇಲೇಳುತ್ತದೆ. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಇನ್ನೊಂದು ಪುಟ್ಟ ಬೆನ್ನು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಹರ್ವಿ ಬೇ ಎಂಬ ಊರಿನಿಂದ ಹೊರಡುವ ಬೋಟುಗಳಲ್ಲಿ ಪ್ರತಿವರ್ಷ ಕಾಣುವ ನೋಟವಿದು. ಕಂಬಿ ಹಿಡಿದು ನಿಂತವರು ಊಟ ಬಿಟ್ಟು ಹತ್ತು ನಿಮಿಷವಾಗಿದೆ, ಅಷ್ಟೆ. ಕೆಳಗಿರುವ ಆ ತಾಯಿ ಹೊಟ್ಟೆ ತುಂಬ ತಿಂದು ತಿಂಗಳುಗಳೇ ಕಳೆದಿವೆ.

ಮರಳಿನ ದ್ವೀಪದ ಮರೆಯಲ್ಲಿ

ಬ್ರಿಸ್ಬೇನ್ ನಗರದಿಂದ ಉತ್ತರಕ್ಕೆ ಸುಮಾರು 300 ಕಿ.ಮೀ. ದೂರದಲ್ಲಿದೆ ಹರ್ವಿ ಬೇ. ಅದರ ಎದುರಿಗೆ ಕಡಲಿನ ಅಲೆಗಳಿಗೆ ಅಡ್ಡಗಟ್ಟಿದಂತೆ 120 ಕಿ.ಮೀ.ಗೂ ಹೆಚ್ಚು ಉದ್ದದ ದ್ವೀಪವೊಂದು ಮಲಗಿದೆ. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ ಇದೇ. ಬಹುಕಾಲ ಫ್ರೇಸರ್ ದ್ವೀಪ ಎಂದು ಕರೆಯುತ್ತಿದ್ದ ಇದಕ್ಕೆ 2023ರಲ್ಲಿ ಅಲ್ಲಿನ ಮೂಲನಿವಾಸಿ ಬುಚುಲ್ಲಾ ಜನರ ಹೆಸರನ್ನೇ ಮರಳಿ ಕೊಡಲಾಯಿತು. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಿಗೆ ‘ಕೆ’ ಅಕ್ಷರವಿದ್ದರೂ ಉಚ್ಚಾರ ‘ಗರಿ’ ಎಂದೇ. ಬುಚುಲ್ಲಾ ಭಾಷೆಯಲ್ಲಿ ಅದಕ್ಕೆ ಸ್ವರ್ಗ ಎಂದರ್ಥ.

ಈ ದ್ವೀಪದ ಮರೆಯಲ್ಲಿ, ವಾಯವ್ಯ ಭಾಗದಲ್ಲಿ, ಪ್ಲಾಟಿಪಸ್ ಕೊಲ್ಲಿ ಇದೆ. ಹೊರಗಡೆ ಪೆಸಿಫಿಕ್ ಸಾಗರ ಅಬ್ಬರಿಸುತ್ತಿದ್ದರೂ ಇಲ್ಲಿ ನೀರು ಕೆರೆಯಂತೆ ಶಾಂತವಾಗಿರುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗೆ ಇಲ್ಲಿಗೆ ಹಂಪ್‌ಬ್ಯಾಕ್ ಎಂಬ ಗೂನುಬೆನ್ನಿನ ತಿಮಿಂಗಿಲಗಳು ಬರುತ್ತವೆ. ಆರಂಭದಲ್ಲಿ ಹರೆಯದವು, ಸೆಪ್ಟೆಂಬರ್ ಹೊತ್ತಿಗೆ ಮರಿಗಳ ಜತೆ ತಾಯಂದಿರು.

ನೀರಿನಲ್ಲಿ ಹೆಜ್ಜೆ

ಊರಿನ ಯುರಂಗನ್ ಬಂದರಿನಿಂದ ಬೆಳಿಗ್ಗೆ ಬೋಟುಗಳು ಹೊರಡುತ್ತವೆ. ಅರ್ಧ ದಿನದ ಪ್ರವಾಸವೂ ಉಂಟು, ಊಟ ಮತ್ತು ಚಹಾ ಸೇರಿದ ಇಡೀ ದಿನದ ಪ್ರವಾಸವೂ ಉಂಟು. ಎಡಕ್ಕೆ ತೆರೆದ ಕೊಲ್ಲಿ, ಬಲಕ್ಕೆ ದ್ವೀಪದ ಬಿಳಿ ಮರಳು. ಎಲ್ಲರ ಕಣ್ಣು ನೀರಿನ ಮೇಲೆಯೇ.

ಮೊದಲು ಕಾಣುವುದು ಉಸಿರು. ತಿಮಿಂಗಿಲ ಮೀನಲ್ಲ. ನಮ್ಮಂತೆಯೇ ಶ್ವಾಸಕೋಶವಿರುವ, ಮರಿಗೆ ಹಾಲೂಡುವ ಸಸ್ತನಿ. ಮೇಲೆ ಬಂದು ಅದು ಬಿಟ್ಟ ಉಸಿರು ಎರಡಾಳೆತ್ತರದ ಹಬೆಯ ಕಂಬವಾಗಿ ನಿಲ್ಲುತ್ತದೆ. ಅದು ಮತ್ತೆ ಮುಳುಗುವಾಗ ಬಾಲ ಮೇಲೇಳುತ್ತದೆ. ಬಾಲದ ಅಡಿಭಾಗದ ಕಪ್ಪು ಬಿಳುಪಿನ ಗುರುತು ಒಂದರಂತೆ ಇನ್ನೊಂದಕ್ಕಿರುವುದಿಲ್ಲ, ಮನುಷ್ಯರ ಹೆಬ್ಬೆಟ್ಟಿನ ಗುರುತಿನ ಹಾಗೆ. ವಿಜ್ಞಾನಿಗಳು ಅದರ ಫೋಟೋ ಇಟ್ಟುಕೊಂಡು, ಹತ್ತಾರು ವರ್ಷದ ಬಳಿಕವೂ ‘ಇದು ಅದೇ’ ಎಂದು ಹೇಳಬಲ್ಲರು.

ನೀರಿನಲ್ಲಿ ಮೀನಿನ ಹೆಜ್ಜೆ ಕಂಡವರಾರು ಎಂಬ ಮಾತು ಕನ್ನಡದಲ್ಲಿದೆ. ತಿಮಿಂಗಿಲದ ಹೆಜ್ಜೆಯಾದರೋ ಕಾಣುತ್ತದೆ! ಬಾಲದ ಬಡಿತಕ್ಕೆ ಮೇಲೆದ್ದ ನೀರು ಅಲೆಗಳ ನಡುವೆ ಎಣ್ಣೆ ಸವರಿದಂಥ ನುಣುಪಾದ ವೃತ್ತವಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ. ಅನುಭವಿ ಚಾಲಕರು ಆ ಹೆಜ್ಜೆಗಳ ಸಾಲು ನೋಡಿಯೇ ಅದು ಯಾವ ಕಡೆಗೆ ಹೊರಟಿದೆ ಎಂದು ಊಹಿಸುತ್ತಾರೆ.

ಊಟವಿಲ್ಲದ ಬಾಣಂತನ

ಈ ತಿಮಿಂಗಿಲಗಳ ಊಟದ ಮನೆ ಇರುವುದು ಅಂಟಾರ್ಕ್ಟಿಕಾದ ಹಿಮದ ಕಡಲಿನಲ್ಲಿ. ಅಲ್ಲಿ ಬೇಸಿಗೆಯಲ್ಲಿ ಸೀಗಡಿಯಂಥ ಕ್ರಿಲ್ ಎಂಬ ಪುಟ್ಟ ಜೀವಿಗಳು ರಾಶಿರಾಶಿಯಾಗಿರುತ್ತವೆ. ಅವನ್ನು ತಿಂದು ತಿಮಿಂಗಿಲಗಳು ಮೈಯಲ್ಲಿ ಕೊಬ್ಬು ಕೂಡಿಡುತ್ತವೆ. ಚಳಿಗಾಲ ಬಂತೆಂದರೆ ಸುಮಾರು 5,000 ಕಿ.ಮೀ. ಈಜಿ ಆಸ್ಟ್ರೇಲಿಯಾದ ಪೂರ್ವ ತೀರದ ಬೆಚ್ಚನೆಯ ನೀರಿಗೆ ಬರುತ್ತವೆ. ಗ್ರೇಟ್ ಬ್ಯಾರಿಯರ್ ರೀಫ್ ಸುತ್ತಲಿನ ಕಡಲು ಅವುಗಳ ತವರು. ಹನ್ನೊಂದು ತಿಂಗಳು ಹೊತ್ತ ಮರಿಯನ್ನು ಹೆರುವುದು ಆ ಕಡೆ. ಮರಳಿ ಹೋಗುವ ದಾರಿಯಲ್ಲಿ ಬಾಣಂತಿ ತಾಯಂದಿರು ದಣಿವಾರಿಸಿಕೊಳ್ಳುವ ತಂಗುದಾಣವೇ ಹರ್ವಿ ಬೇ.

ಕನ್ನಡನಾಡಿನ ಬಾಣಂತಿಗೆ ಬಿಸಿನೀರಿನ ಜತೆ ತುಪ್ಪ, ಅಂಟಿನುಂಡೆಯ ಆರೈಕೆಯೂ ಇರುತ್ತದೆ. ಈ ಬಾಣಂತಿಗೆ ಬೆಚ್ಚನೆಯ ನೀರಷ್ಟೇ, ಊಟವಿಲ್ಲ. ಬೆಚ್ಚನೆಯ ಕಡಲಿನಲ್ಲಿ ಅದಕ್ಕೆ ಬೇಕಾದ ಆಹಾರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮರಿಯಾದರೋ ಹುಟ್ಟುವಾಗಲೇ ನಾಲ್ಕು ಮೀಟರಿಗೂ ಹೆಚ್ಚು ಉದ್ದ, ತೂಕ ಸುಮಾರು ಒಂದು ಟನ್. ಹಿಮದ ಕಡಲನ್ನು ಸೇರುವ ಮೊದಲು ಅದರ ಮೈಯಲ್ಲಿ ಕೊಬ್ಬು ಕಟ್ಟಬೇಕು. ಅದಕ್ಕೆ ತಾಯಿ ಊಡುವ ಹಾಲಿನಲ್ಲಿ ಹಸುವಿನ ಹಾಲಿಗಿಂತ ಎಂಟು–ಹತ್ತು ಪಟ್ಟು ಕೊಬ್ಬಿರುತ್ತದೆ. ಆ ಹಾಲಾಗುವುದು ತಾಯಿ ಕಳೆದ ಬೇಸಿಗೆಯಲ್ಲಿ ತಿಂದದ್ದೇ. ದಿನದಿನಕ್ಕೂ ತಾಯಿ ಇಳಿಯುತ್ತದೆ, ಮರಿ ಬೆಳೆಯುತ್ತದೆ.

ಕಾಯುವುದೇ ಕಲೆ

ಹೀಗಿರುವಾಗ ನೋಡಲು ಬಂದವರೇ ಆ ತಾಯಿಗೆ ಕಾಟವಾದರೆ? ಅನುಮಾನ ಸುಮ್ಮನಲ್ಲ. ಆಸ್ಟ್ರೇಲಿಯಾದ ಪಶ್ಚಿಮ ತೀರದ ಎಕ್ಸ್‌ಮೌತ್ ಕೊಲ್ಲಿಯಲ್ಲಿ ವಿಜ್ಞಾನಿಗಳು ಮಲಗಿದ್ದ ತಾಯಂದಿರ ಸಮೀಪ ನೀರಿನಡಿ ಬೋಟಿನ ಎಂಜಿನ್ ಸದ್ದನ್ನು ಬೇರೆ ಬೇರೆ ಮಟ್ಟದಲ್ಲಿ ಕೇಳಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸದ್ದು ಜೋರಾದಾಗ ವಿಶ್ರಾಂತಿಯ ಹೊತ್ತು ಶೇ 30ರಷ್ಟು ಕಡಿಮೆಯಾಯಿತು. ಉಸಿರಾಟ ಎರಡು ಪಟ್ಟಾಯಿತು. ಎಂಜಿನ್ ಮೆಲ್ಲಗಿದ್ದಾಗ ತಾಯಂದಿರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಉಪವಾಸದ ತಾಯಿ ಸುಮ್ಮಸುಮ್ಮನೆ ಓಡಬೇಕಾಗಿ ಬಂದರೆ ಖರ್ಚಾಗುವುದು ಮರಿಯ ಪಾಲಿನ ಕೊಬ್ಬು ತಾನೆ?

ಆದ್ದರಿಂದಲೇ ಕಟ್ಟುನಿಟ್ಟಿನ ನಿಯಮಗಳಿವೆ. 300 ಮೀಟರ್ ಸಮೀಪಿಸಿದೊಡನೆ ಬೋಟು ವೇಗ ಇಳಿಸಬೇಕು. 100 ಮೀಟರಿಗಿಂತ ಹತ್ತಿರ ತಾನಾಗಿ ಹೋಗಕೂಡದು. ಮರಿ ಜತೆಗಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಟ್ಟಿಸಿಕೊಂಡು ಹೋಗುವಂತಿಲ್ಲ, ದಾರಿಗೆ ಅಡ್ಡ ನಿಲ್ಲುವಂತಿಲ್ಲ. ತಿಮಿಂಗಿಲವೇ ಹತ್ತಿರ ಬಂದರೆ ಆ ಮಾತು ಬೇರೆ. ಆಗ ಬೋಟು ಅಲುಗದೆ ನಿಲ್ಲಬೇಕು. ಹರ್ವಿ ಬೇಯ ತಿಮಿಂಗಿಲಗಳು ಹೀಗೆ ಬರುವುದಕ್ಕೆ ಹೆಸರುವಾಸಿ. ಬೋಟಿನ ಸುತ್ತ ಸುಳಿದು, ತಲೆಯನ್ನು ನೆಟ್ಟಗೆ ನೀರಿನಿಂದ ಹೊರಗೆತ್ತಿ, ಮೇಲಿರುವವರನ್ನು ನೋಡುತ್ತವೆ. ಯಾರು ಯಾರನ್ನು ನೋಡಲು ಬಂದರು ಎಂಬ ಪ್ರಶ್ನೆ ಮಕ್ಕಳಿಗೆ ಹೊಳೆಯುವುದು ಆಗಲೇ.

ಕೊಂದ ಕೈಗಳೇ ಕಾದವು

ಅವು ಹೀಗೆ ಹತ್ತಿರ ಬರುವುದು ಒಂದು ಅಚ್ಚರಿಯೇ. ಬ್ರಿಸ್ಬೇನ್ ಬಳಿಯ ಮೊರ್ಟನ್ ದ್ವೀಪದ ಟಂಗಲೂಮದಲ್ಲಿ 1952ರಿಂದ 1962ರವರೆಗೆ ತಿಮಿಂಗಿಲ ಬೇಟೆಯ ಕೇಂದ್ರವಿತ್ತು. ಎಣ್ಣೆಗಾಗಿ ಅಲ್ಲಿ ಕೊಂದ ಹಂಪ್‌ಬ್ಯಾಕ್‌ಗಳು 6,277. ಅದೇ ಕಾಲಕ್ಕೆ ಸೋವಿಯತ್ ಹಡಗುಗಳು ದಕ್ಷಿಣದ ಕಡಲಿನಲ್ಲಿ ಎರಡೇ ಋತುಗಳಲ್ಲಿ ಸುಮಾರು 25,000 ಹಂಪ್‌ಬ್ಯಾಕ್‌ಗಳನ್ನು ಗುಟ್ಟಾಗಿ ಕೊಂದಿದ್ದವು. ಆ ಗುಟ್ಟು ಹೊರಬಿದ್ದದ್ದು 1990ರ ದಶಕದಲ್ಲಿ. ಟಂಗಲೂಮ ಮುಚ್ಚಿದ್ದು ಕನಿಕರದಿಂದಲ್ಲ, ಕೊಲ್ಲಲು ತಿಮಿಂಗಿಲಗಳೇ ಸಿಗದೆ. ಪೂರ್ವ ತೀರದಲ್ಲಿ ಆಗ ಉಳಿದದ್ದು ಕೆಲವೇ ನೂರು.

1963ರಲ್ಲಿ ದಕ್ಷಿಣ ಗೋಳಾರ್ಧದ ಹಂಪ್‌ಬ್ಯಾಕ್ ಬೇಟೆಗೆ ನಿಷೇಧ ಬಂತು. ಹರ್ವಿ ಬೇಯಲ್ಲಿ ತಿಮಿಂಗಿಲ ತೋರಿಸುವ ಬೋಟುಗಳು ಶುರುವಾದದ್ದು 1987ರಲ್ಲಿ. 2015ರ ಗಣತಿಯಲ್ಲಿ ಪೂರ್ವ ತೀರದ ಹಂಪ್‌ಬ್ಯಾಕ್‌ಗಳು ಸುಮಾರು 24,500 ಎಂಬ ಅಂದಾಜು ಸಿಕ್ಕಿತು. 2022ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅವನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದಲೇ ತೆಗೆಯಿತು. ಮನುಷ್ಯ ಕೈ ತಡೆದರೆ ಪ್ರಕೃತಿ ಚೇತರಿಸಿಕೊಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಆದರೂ ಬಲೆಗಳಲ್ಲಿ ಸಿಕ್ಕಿಬೀಳುವ ಭಯ ತಪ್ಪಿಲ್ಲ. ಕಡಲು ಬಿಸಿಯಾಗಿ ಹಿಮ ಕರಗಿದರೆ ಕ್ರಿಲ್ ಏನಾದೀತು ಎಂಬ ಚಿಂತೆಯೂ ಇದೆ.

ಹೋಗುವವರಿಗೆ

ತಾಯಿ–ಮರಿಗಳನ್ನು ನೋಡಬೇಕೆಂದರೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಅಲ್ಲಿನ ಶಾಲೆಗಳಿಗೆ ಆ ವೇಳೆಗೆ ರಜೆಯೂ ಇರುವುದರಿಂದ ಜಾಗವನ್ನು ಮೊದಲೇ ಕಾದಿರಿಸಬೇಕು. ಸಸ್ಯಾಹಾರಿಗಳು ಟಿಕೆಟ್ ಕೊಳ್ಳುವಾಗಲೇ ಹೇಳಿಡುವುದು ಲೇಸು. ಇಲ್ಲದಿದ್ದರೆ ಬನ್ನು, ಹಣ್ಣಿನಲ್ಲೇ ತೃಪ್ತಿಪಡಬೇಕಾದೀತು. ಕೊಲ್ಲಿ ಶಾಂತವಾದರೂ ಕಡಲು ಕಡಲೇ. ಹೊಟ್ಟೆ ತೊಳೆಸುವವರು ಬೆಳಿಗ್ಗೆ ಹಗುರವಾಗಿ ತಿಂದು, ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಂಡೇ ಹತ್ತಬೇಕು. ಸ್ವೆಟರು, ಟೋಪಿ, ಬೈನಾಕ್ಯುಲರ್ ಜತೆಗಿರಲಿ. ಮಕ್ಕಳ ಕೈಯಲ್ಲೊಂದು ನೋಟ್‌ಬುಕ್ ಇದ್ದರೆ ಇನ್ನೂ ಒಳ್ಳೆಯದು. ಎರಡು ಉಸಿರುಗಳ ನಡುವೆ ಎಷ್ಟು ನಿಮಿಷ, ಮರಿ ತಾಯಿಯ ಯಾವ ಪಕ್ಕದಲ್ಲಿದೆ ಎಂದು ಬರೆದುಕೊಳ್ಳಬಹುದು.

ಅಷ್ಟು ದೂರ ಹೋಗಲಾಗದವರೂ ಒಂದು ಸಂಗತಿ ತಿಳಿದಿರಬೇಕು. ಅರಬ್ಬಿ ಸಮುದ್ರದಲ್ಲೂ ಹಂಪ್‌ಬ್ಯಾಕ್‌ಗಳಿವೆ. ಅವು ಅಂಟಾರ್ಕ್ಟಿಕಾಕ್ಕೆ ಹೋಗುವುದಿಲ್ಲ, ವರ್ಷವಿಡೀ ಇದೇ ಕಡಲಿನಲ್ಲಿರುತ್ತವೆ. ಸಂಖ್ಯೆ ಮಾತ್ರ ತೀರಾ ಕಡಿಮೆ. 2017ರಲ್ಲಿ ಒಮಾನ್ ತೀರದಲ್ಲಿ ಉಪಗ್ರಹ ಸಾಧನ ತೊಡಿಸಿದ ‘ಲುಬಾನ್’ ಎಂಬ ಹೆಣ್ಣು ತಿಮಿಂಗಿಲ ಕಡಲು ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂದು, ದಕ್ಷಿಣದ ತುದಿಯತ್ತ ಸಾಗಿತ್ತು. ಮಲ್ಪೆ, ಕಾರವಾರದ ದಡದಲ್ಲಿ ನಿಂತು ನೋಡುವ ಕಡಲು ಬರಿಯ ನೀರಲ್ಲ.

ಇತ್ತ ಪ್ಲಾಟಿಪಸ್ ಕೊಲ್ಲಿಯಲ್ಲಿ ತಾಯಿ, ಮರಿ ತಾವಾಗಿಯೇ ದೂರ ಸರಿಯುತ್ತವೆ. ಆಮೇಲೆಯೇ ಎಂಜಿನ್ ಮೆಲ್ಲಗೆ ಗುರುಗುಟ್ಟುತ್ತದೆ. ಪ್ರವಾಸಿಗರಿಗೆ ಬಿಟ್ಟ ತಟ್ಟೆಗಳ ನೆನಪಾಗುತ್ತದೆ. ಮರಿಗೂ ಹೊತ್ತುಹೊತ್ತಿಗೆ ಹಾಲುಂಟು. ತಾಯಿಯ ಊಟ ಮಾತ್ರ ಇನ್ನೂ ಸಾವಿರಾರು ಕಿಲೋಮೀಟರ್ ದೂರದಲ್ಲಿದೆ.